ಭಾವನ ಬಲಗೈ

ನಮ್ಮ ಭಾವನಿಗೆ ಎರಡು ವೃತ್ತಿಗಳು. ಒಂದರಲ್ಲಿ ಊರವರನ್ನು ನಿದ್ದೆ ಮಾಡಿಸುತ್ತಾರೆ, ಇನ್ನೊಂದರಲ್ಲಿ ನಮ್ಮಕ್ಕನ ನಿದ್ದೆ ಕೆಡಿಸುತ್ತಾರೆ! ಮೊದಲನೆಯದು ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ ಕೆಲಸ. ಎರಡನೆಯದು ಬೇಸ್‌ಬಾಲ್. ಹೊಸಬರು ಯಾರಾದರೂ "ತಾವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ ಭಾವ ಆಸ್ಪತ್ರೆಯ ಸುದ್ದಿಯನ್ನೇ ಎತ್ತುವುದಿಲ್ಲ. ಎದೆಯುಬ್ಬಿಸಿ ಒಂದೇ ಮಾತು: "ನಾನು ಪಿಚರ್!"

ಹೀಗೆ ಹೇಳಿದರೆ ಕನ್ನಡಿಗರು ಏನೆಂದುಕೊಳ್ಳಬೇಕು, ನೀವೇ ಹೇಳಿ. ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮವರೆಲ್ಲ ಸೇರಿದ್ದ ಒಂದು ಯುಗಾದಿ ಊಟದಲ್ಲಿ ಪಕ್ಕದಲ್ಲಿದ್ದ ಹೆಂಗಸೊಬ್ಬರು ಹೋಳಿಗೆಯನ್ನು ಅಲ್ಲೇ ಬಿಟ್ಟು ತಿರುಗಿದರು. "ಅಯ್ಯೋ, ಪಿಕ್ಚರಾ? ಯಾವ ಪಿಕ್ಚರ್ ಸಾರ್? ಹೀರೋನೋ ವಿಲನ್ನೋ?" ಎದುರಿಗಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟರು ಮಾತ್ರ ಶಾಂತವಾಗಿ, "ಪಿಚರ್ ಅಂದ್ರೆ ಹೂಜಿ ಅಲ್ವೇನ್ರಿ?" ಎಂದವರೇ, ಭಾವನ ಹೊಟ್ಟೆಯನ್ನು ಒಮ್ಮೆ ನೋಡಿ, "ಇರಬಹುದು, ಇರಬಹುದು" ಎಂದು ಪಾಯಸಕ್ಕೆ ಕೈ ಹಾಕಿದರು!

ಬೇಸ್‌ಬಾಲ್ ಅಮೆರಿಕದವರ ಆಟ. ಕ್ರಿಕೆಟ್ಟಿನಲ್ಲಿ ಬೌಲರ್ ಹೇಗೋ ಅಲ್ಲಿ ಪಿಚರ್ ಹಾಗೆ. ಮೈದಾನದ ನಡುವೆ ಒಂದು ಮಣ್ಣಿನ ದಿಬ್ಬವಿರುತ್ತದೆ. ಅದರ ಮೇಲೆ ಒಬ್ಬನೇ ನಿಂತು, ಚೆಂಡನ್ನು ನೆಲಕ್ಕೆ ತಾಗಿಸದೆ, ದೊಣ್ಣೆ ಹಿಡಿದವನ ಎದುರಿನಿಂದ ಸುಯ್ಯನೆ ಹಾದುಹೋಗುವಂತೆ ಬೀಸಿ ಒಗೆಯಬೇಕು. ಅವನ ಹಿಂದೆ ಕುಕ್ಕರುಗಾಲಿನಲ್ಲಿ ಕೂತವನು ಅದನ್ನು ದಪ್ಪ ಗ್ಲೌಸಿನಲ್ಲಿ ಹಿಡಿಯುತ್ತಾನೆ. ಸರಿ, ಮೈಸೂರಿನ ಡಾಕ್ಟರು ಇಂಗ್ಲೆಂಡಿಗೆ ಬಂದು ಅಮೆರಿಕದ ಆಟ ಹಿಡಿದದ್ದು ಹೇಗೆ? ಎಲ್ಲಕ್ಕೂ ಕಾರಣ ಅವರ ಮೊಣಕೈ.

ಮೆಡಿಕಲ್ ಕಾಲೇಜಿನಲ್ಲಿ ಭಾವ ಬಿರುಗಾಳಿಯಂಥ ಬೌಲರಂತೆ. ಆದರೆ ಚೆಂಡು ಬಿಡುವಾಗ ಮೊಣಕೈ ಮಡಿಸಿಬಿಡುತ್ತಿದ್ದರು. ಕ್ರಿಕೆಟ್ಟಿನಲ್ಲಿ ಅದು ಮಹಾಪರಾಧ; ಅದಕ್ಕೆ 'ಚಕ್ಕಿಂಗ್' ಎಂದು ಹೆಸರು. ಅಂತರ ಕಾಲೇಜು ಪಂದ್ಯವೊಂದರಲ್ಲಿ ಅಂಪೈರು ಇವರ ಪ್ರತಿ ಎಸೆತಕ್ಕೂ ಕೈ ಚಾಚಿ ನೋ ಬಾಲ್ ಕೊಡುತ್ತಾ ಹೋದರು. ಓವರು ಮುಗಿಯುವುದೇ ಇಲ್ಲ! ಬೌಂಡರಿಯಲ್ಲಿ ಕೂತಿದ್ದ ಹುಡುಗಿಯರು ಕಡಲೆಕಾಯಿ ತಿಂದು ಮುಗಿಸಿ ಎದ್ದು ಹೋದರೂ ಅದೇ ಓವರು ನಡೆಯುತ್ತಿತ್ತಂತೆ. ಕಲ್ಲು ಹೊಡೆದು ಮಾವಿನಕಾಯಿ ಬೀಳಿಸುವವರ ಹಾಗೆ ಎಸೆಯುತ್ತಾರೆಂದು ಹಾಸ್ಟೆಲ್ಲಿನಲ್ಲಿ ಇವರಿಗೆ 'ಮಾವಿನಕಾಯಿ' ಎಂದೇ ಹೆಸರಾಯಿತು. ಅಂದಿನಿಂದ ಭಾವ ಚೆಂಡು ಮುಟ್ಟಲಿಲ್ಲ. ಟೀವಿಯಲ್ಲಿ ಕ್ರಿಕೆಟ್ ಬಂದರೆ ಎದ್ದು ಹೋಗಿ ಬಟ್ಟೆ ಒಣಹಾಕುತ್ತಿದ್ದರು. ಅಕ್ಕ ಇಂದಿಗೂ ಹೇಳುತ್ತಾಳೆ: "ಹುಡುಗನಿಗೆ ಆಟಗೀಟದ ಹುಚ್ಚಿಲ್ಲ, ತುಂಬಾ ಗಂಭೀರ ಅಂತ ನಂಬಿಸಿ ಕಟ್ಟಿದ್ರು ಕಣೇ!"

ತೊಂಬತ್ತರ ದಶಕದ ಕೊನೆ. ಅಕ್ಕ ಭಾವ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಮನೆ ಕೊಂಡು ನೆಲೆಯಾಗಿದ್ದರು. ಒಂದು ಭಾನುವಾರ ಬಿಸಿಬೇಳೆಬಾತು ಸ್ವಲ್ಪ ಜಾಸ್ತಿಯಾಗಿ, ಅದನ್ನು ಅರಗಿಸಲು ಭಾವ ನದಿಯ ಪಕ್ಕದ ಪಾರ್ಕಿನಲ್ಲಿ ನಡೆಯುತ್ತಿದ್ದಾಗ ಒಂದು ಬಿಳಿ ಚೆಂಡು ಉರುಳಿಕೊಂಡು ಬಂದು ಕಾಲಿಗೆ ತಾಗಿತು. ದೂರದಲ್ಲಿ ಒಂದಷ್ಟು ಜನ ಗ್ಲೌಸು ಹಾಕಿಕೊಂಡು ನಿಂತಿದ್ದರು. ಅವರಲ್ಲಿ ಕೆಂಪು ಮುಖದ ದಢೂತಿ ಆಸಾಮಿಯೊಬ್ಬ ಕೈ ಬೀಸಿ ಕೂಗಿದ: "ಚಕ್ ಇಟ್ ಬ್ಯಾಕ್, ಮೇಟ್!"

ಚಕ್! ಯಾವ ಮಾತು ಭಾವನನ್ನು ಮೈದಾನದಿಂದ ಓಡಿಸಿತ್ತೋ ಅದೇ ಮಾತು ಈಗ ಹಲ್ಲು ಕಿರಿದು ಕರೆಯುತ್ತಿತ್ತು. ಭಾವ ಕೋಟು ಬಿಚ್ಚಿ ಬೇಲಿಗೆ ಹಾಕಿದರು. ಮೊಣಕೈ ಎಷ್ಟು ಮಡಿಸಬೇಕೋ ಅಷ್ಟೂ ಮಡಿಸಿದರು. ಒಗೆದರು. ಚೆಂಡು ಸೀದಾ ಹೋಗಿ ಆ ದಢೂತಿಯ ಗ್ಲೌಸಿನಲ್ಲಿ ಪಟಾರೆಂದು ಕೂತಿತು. ಅವನು ಗ್ಲೌಸು ಕಿತ್ತು, ಕೆಂಪಾದ ಅಂಗೈಯನ್ನು ಊದಿಕೊಳ್ಳುತ್ತಾ ಓಡಿ ಬಂದ. ಹೆಸರು ಕೀತ್, ಕೆಲಸ ಮನೆಮನೆಗೆ ಅಂಚೆ ಹಂಚುವುದು, ಹವ್ಯಾಸ ಈ ತಂಡಕ್ಕೆ ನಾಯಕತ್ವ.

"ಇನ್ನೊಂದ್ಸಲ ಎಸೀತೀಯಾ?" ಎಂದ ಕೀತ್.

ಭಾವ ಕೇಳಿದ್ದು ಒಂದೇ ಪ್ರಶ್ನೆ. "ಇಲ್ಲಿ ಮೊಣಕೈ ಮಡಿಸಬಹುದಾ?"

ಕೀತ್ ಇವರನ್ನು ಮೇಲಿಂದ ಕೆಳಗೆ ನೋಡಿದ. "ಮಡಿಸದೆ ಎಸೆಯೋದು ಹೇಗಯ್ಯಾ?"

ಭಾವ ಮನೆಗೆ ಓಡಿ ಬಂದವರು ಬಾಗಿಲಲ್ಲೇ ಕೂಗಿದರಂತೆ. "ಲೇ, ಇಲ್ಲಿ ಅದು ತಪ್ಪಲ್ವಂತೆ ಕಣೇ!"

"ಯಾವುದು ರೀ?" ಅಕ್ಕನಿಗೆ ಗಾಬರಿ.

"ಮಡಿಸೋದು! ಎಷ್ಟು ಬೇಕಾದ್ರೂ ಮಡಿಸಬಹುದಂತೆ!"

"ಹಾಗಾದ್ರೆ ಮಡಿಸಿ. ಒಗೆದ ಬಟ್ಟೆ ಸೋಫಾ ಮೇಲೇ ರಾಶಿ ಬಿದ್ದಿದೆ" ಎಂದಳು ಅಕ್ಕ.

ಹೀಗೆ ಶುರುವಾಯಿತು ಎರಡನೆಯ ವೃತ್ತಿ. ನಲವತ್ತು ದಾಟಿದ ಮನುಷ್ಯ! ಮನೆಯಲ್ಲಿ ದುಂಡಗಿರುವ ಯಾವ ವಸ್ತುವಿಗೂ ನೆಮ್ಮದಿ ಇಲ್ಲವಾಯಿತು. ನಾನು ಹೋದಾಗಲೆಲ್ಲ ಭಾವ ಈರುಳ್ಳಿ ಹಿಡಿದು ಪಾಠ ಮಾಡುತ್ತಿದ್ದರು. "ನೋಡಮ್ಮಾ, ಹೀಗೆ ಹಿಡಿದ್ರೆ ನೇರ ಹೋಗತ್ತೆ. ಬೆರಳು ಹೀಗೆ ಜಾರಿಸಿದ್ರೆ ಕೊನೇ ಗಳಿಗೇಲಿ ಬಾಗತ್ತೆ." ಹಿಂದಿನಿಂದ ಅಕ್ಕನ ಕೈ ಬಂದು ಈರುಳ್ಳಿ ಕಿತ್ತುಕೊಳ್ಳುತ್ತಿತ್ತು. "ಇದು ಹುಳಿಗೆ ಹೋಗತ್ತೆ!" ವಾಷಿಂಗ್ ಮಷೀನಿನ ಬಾಗಿಲು ತೆರೆದಿಟ್ಟು, ಅಡುಗೆಮನೆಯ ಆ ತುದಿಯಿಂದ ಕೊಳೆ ಸಾಕ್ಸುಗಳನ್ನು ಗುರಿಯಿಟ್ಟು ಒಗೆಯುವುದು ದಿನನಿತ್ಯದ ಅಭ್ಯಾಸ. ಅದನ್ನು ಕಂಡು ಮಗಳು "ಅಪ್ಪಾ, ಯು ಆರ್ ಸೋ ಎಂಬ್ಯಾರಸಿಂಗ್!" ಎಂದು ಕಿರುಚಿದರೆ ಅಕ್ಕ ಮಾತ್ರ, "ಸುಮ್ನಿರು, ಮದುವೆಯಾದ ಮೇಲೆ ಈಗಲೇ ಬಟ್ಟೆ ಮಷೀನಿಗೆ ಹಾಕ್ತಿರೋದು" ಎನ್ನುತ್ತಿದ್ದಳು.

ಅಂಪೈರುಗಳ ಕಾಟ ಮಾತ್ರ ಇಲ್ಲೂ ತಪ್ಪಲಿಲ್ಲ. ಪಂದ್ಯಕ್ಕೆ ಮೊದಲು ಭಾವ ಸ್ನಾನ ಮಾಡಿ, ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದುಕೊಂಡು, ಮೊಸರನ್ನ ತಿಂದೇ ಹೊರಡುತ್ತಿದ್ದರು. ಒಮ್ಮೆ ಎಂದೂ ಇಲ್ಲದ ಬಿಸಿಲು ಬಂತು. ಭಾವ ಹಣೆ ಒರೆಸಿಕೊಂಡರು, ಅದೇ ಕೈಯಲ್ಲಿ ಚೆಂಡು ಹಿಡಿದರು. ಚೆಂಡಿಗೆ ಯಾವ ಪದಾರ್ಥವನ್ನೂ ಬಳಿಯಕೂಡದೆಂದು ಆ ಆಟದಲ್ಲಿ ನಿಯಮವಿದೆ. ಅಂಪೈರು ಚೆಂಡು ಮೂಸಿ ನೋಡಿ, ಇವರ ಹಣೆ ನೋಡಿ, ಪಂದ್ಯ ನಿಲ್ಲಿಸಿದರು.

"ಇದೇನು ಬಿಳಿ ಪುಡಿ?"

"ದೇವರ ಬೂದಿ" ಎಂದರು ಭಾವ.

ದಿಬ್ಬದ ಹಿಂದೆ ಒಂದು ಪುಟ್ಟ ಚೀಲದಲ್ಲಿ ರಾಳದ ಪುಡಿ ಬಿದ್ದಿರುತ್ತದೆ. ಕೈ ಜಾರದಿರಲೆಂದು ಪಿಚರುಗಳು ಅದನ್ನು ಬೆರಳಿಗೆ ಹಚ್ಚಿಕೊಳ್ಳಬಹುದು. ಭಾವ ಅದನ್ನೆತ್ತಿ ತೋರಿಸಿ ವಾದಕ್ಕೆ ನಿಂತರು. "ನೀವು ಕೊಟ್ಟ ಪುಡಿ ನಡೆಯತ್ತೆ, ನಮ್ಮ ಶಿವ ಕೊಟ್ಟಿದ್ದು ನಡೆಯಲ್ವಾ?" ಕೊನೆಗೆ ಕೀತ್ ಓಡಿ ಬಂದು ತನ್ನ ಕರ್ಚೀಫಿನಿಂದ ಭಾವನ ಹಣೆಯನ್ನು ಉಜ್ಜಿ ಉಜ್ಜಿ ಒರೆಸಿದ. ಕೀತನ ಕರ್ಚೀಫಿನ ಸ್ಥಿತಿ ಬಲ್ಲ ಅಕ್ಕ, ಸಂಜೆ ಮನೆಯಲ್ಲಿ ಭಾವನಿಗೆ ಮತ್ತೊಮ್ಮೆ ತಲೆಸ್ನಾನ ಮಾಡಿಸಿದಳು.

ಆದರೂ ಕೈಯ ಕಸುಬು ಸುಳ್ಳಾಗುವುದುಂಟೇ? ಭಾವನ ಹೆಸರು ಬೆಟ್ಟ ದಾಟಿ ಲೀಡ್ಸಿನವರೆಗೂ ಹೋಯಿತು. ಒಂದು ಬೇಸಿಗೆಗೆ ಅಲ್ಲಿನ ಕ್ಲಬ್ಬೊಂದು, ಕೀತನ ಒಪ್ಪಿಗೆ ಪಡೆದು, ಇವರನ್ನು ಸಂಭಾವನೆಯ ಮೇಲೆ ಆಡಲು ಕರೆಯಿತು. ಅಂದು ಫೋನಿನಲ್ಲಿ ಭಾವನ ದನಿ ಕೇಳಬೇಕಿತ್ತು! "ಇನ್ಮೇಲೆ ನಾನು ಪ್ರೊಫೆಷನಲ್ ಕಣಮ್ಮ!" ಸಂಭಾವನೆ ಏನೆಂದು ಅಕ್ಕ ವಿಚಾರಿಸಿದಾಗ ತಿಳಿಯಿತು: ಕಾರಿಗೆ ಪೆಟ್ರೋಲು, ಆಟ ಮುಗಿದ ಮೇಲೆ ಪಬ್ಬಿನಲ್ಲಿ ಭಾನುವಾರದ ರೋಸ್ಟ್ ಊಟ. ನಮ್ಮ ಭಾವ ಮೊಟ್ಟೆಯನ್ನೂ ಮುಟ್ಟದವರು! ತಟ್ಟೆಯಿಂದ ಮಾಂಸ ಹೋಯಿತು, ಅದರ ರಸ ಹೋಯಿತು, ಮೊಟ್ಟೆ ಹಾಕಿ ಮಾಡಿದ ಪುಡ್ಡಿಂಗೂ ಹೋಯಿತು. ಉಳಿದದ್ದು ಬೇಯಿಸಿದ ಆಲೂಗಡ್ಡೆ, ಎರಡು ಕ್ಯಾರೆಟ್ ಚೂರು. ಆಲೂಗಡ್ಡೆಗೆ ದುಡಿದ ವೃತ್ತಿಪರ ಆಟಗಾರ ಜಗತ್ತಿನಲ್ಲಿ ಇನ್ನೊಬ್ಬನಿದ್ದರೆ ದಯವಿಟ್ಟು ತಿಳಿಸಿ.

ಹೀಗೆ ಕೆಲವು ವರ್ಷ ನಡೆಯಿತು. ನಾವೂ ನಗುತ್ತಾ ಇದ್ದೆವು. ಆಮೇಲೊಂದು ವಸಂತದಲ್ಲಿ ಭಾವನ ಬಲಭುಜ ನೋಯತೊಡಗಿತು. ಮೇಲಿನ ಶೆಲ್ಫಿನಿಂದ ಸಾರಿನಪುಡಿ ಡಬ್ಬಿ ಇಳಿಸಲಾಗದಷ್ಟು. ಸ್ಕ್ಯಾನ್ ಮಾಡಿಸಿದರು. ಸ್ನಾಯುಗಳು ಎಸೆದು ಎಸೆದು ಸವೆದಿವೆ ಎಂದು ಗೊತ್ತಾಯಿತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಪಕ್ಕದ ಮೂಳೆಯ ಒಳಗೆ ಒಂದು ಮಚ್ಚೆ ಕಾಣಿಸಿತು. ಅರಿವಳಿಕೆ ಕೊಟ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಅದು ಏನಿರಬಹುದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಭಾವ ಡಾಕ್ಟರಲ್ಲವೇ? ಅವರಿಗೆ ಹೇಳುವ ಅಗತ್ಯವೇನಿತ್ತು?

ನಾನು ಫೋನು ಮಾಡಿದೆ. ಭಾವ ಈರುಳ್ಳಿಯ ಮಾತೆತ್ತಲಿಲ್ಲ, ಅಂಪೈರುಗಳನ್ನು ಬೈಯಲಿಲ್ಲ. "ಅಲ್ಲಿ ಮಳೆನಾಮ್ಮಾ?" ಎಂದಷ್ಟೇ ಕೇಳಿದರು. ದಿನಾ ಮಳೆ ಸುರಿಯುವ ಮ್ಯಾಂಚೆಸ್ಟರಿನಲ್ಲಿ ಕೂತವರು ಬೇರೆ ಊರಿನ ಮಳೆ ವಿಚಾರಿಸುವುದೆಂದರೇನು! ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಯ ಫ್ರಿಜ್ಜಿನಲ್ಲಿ ಯಜಮಾನರಿಗೆ ಸಾರು ತುಂಬಿಸಿಟ್ಟು ರೈಲು ಹತ್ತಿದೆ.

ಕೀತ್ ಆಗಲೇ ಬಂದು ಅಡುಗೆಮನೆಯಲ್ಲಿ ಕೂತಿದ್ದ. ರೋಗಿಗೆಂದು ದ್ರಾಕ್ಷಿ ತಂದಿದ್ದ. ಏನು ಮಾತಾಡಬೇಕೋ ತಿಳಿಯದೆ ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಾ, ಕೊನೆಗೆ ಬರೀ ಕಡ್ಡಿಯನ್ನು ಭಾವನ ಕೈಗೆ ಕೊಟ್ಟು, ಮೂಗು ಸೀಟಿಕೊಂಡು ಹೊರಟುಹೋದ.

ಮರುದಿನ ಭಾವ ಹೋದದ್ದು ತಮ್ಮದೇ ಆಸ್ಪತ್ರೆಗೆ. ಅರಿವಳಿಕೆ ಕೊಡಬೇಕಾದವಳು ಇವರ ಕೈಕೆಳಗೆ ಕಲಿತ ಹುಬ್ಬಳ್ಳಿಯ ಹುಡುಗಿ. ಎಷ್ಟೋ ಜನರಿಗೆ "ಏನೂ ಆಗಲ್ಲ, ಕಣ್ಣು ಮುಚ್ಚಿ" ಎಂದು ಧೈರ್ಯ ಹೇಳಿದ್ದ ಮನುಷ್ಯ ಈಗ ಮಂಚದ ಕಂಬಿ ಹಿಡಿದುಕೊಂಡು ಪ್ರಶ್ನೆಗಳ ಸುರಿಮಳೆ ಸುರಿಸಿದರು. ಯಾವ ಔಷಧಿ? ಎಷ್ಟು? ಎರಡು ಸಲ ನೋಡಿದ್ದೀಯಾ?

"ಸರ್, ಚಿಂತಿ ಮಾಡಬ್ಯಾಡ್ರಿ. ಎಲ್ಲಾ ನೀವ ಕಲಿಸಿದ್ದ್ ಐತ್ರಿ" ಎಂದಳು ಆಕೆ.

"ಅದಕ್ಕೇ ಕಣಮ್ಮಾ ಭಯ!" ಎಂದರು ಭಾವ. ಅಷ್ಟರಲ್ಲಿ ನಿದ್ದೆ ಹೋದರು.

ಫಲಿತಾಂಶ ಬರುವವರೆಗಿನ ದಿನಗಳನ್ನು ನಾನು ಹೇಳುವುದಿಲ್ಲ. ಅಕ್ಕ ಮೂರು ಡಬ್ಬಿ ಕೋಡುಬಳೆ ಕರಿದಳು, ಯಾರೂ ತಿನ್ನಲಿಲ್ಲ. ಕರೆ ಬಂದ ದಿನ ಮೂವರೂ ಹೋದೆವು. ಭಾವನ ಬಲಗೈ ಜೋಳಿಗೆಯಂಥ ಬಟ್ಟೆಯಲ್ಲಿ ಕುತ್ತಿಗೆಗೆ ನೇತುಬಿದ್ದಿತ್ತು. ಸರ್ಜನ್ ಮೇಡಂ ಕುರ್ಚಿಯಲ್ಲಿ ಕೂರುವ ಮೊದಲೇ ನಕ್ಕರು. ಮೂಳೆಯೊಳಗೆ ಮೆದುಮೂಳೆಯ ಒಂದು ಪುಟ್ಟ ಗಂಟು, ಬಹುಶಃ ಚಿಕ್ಕಂದಿನಿಂದಲೂ ಇದ್ದಿರಬೇಕು, ಯಾವ ಅಪಾಯವೂ ಇಲ್ಲ, ಅದರ ಪಾಡಿಗೆ ಅದನ್ನು ಬಿಡಿ ಎಂದರು.

ಬದುಕಿದೆವು! ಭಾವನಿಗೆ ಹೋಗಿದ್ದ ಮಾತೆಲ್ಲ ಒಟ್ಟಿಗೇ ವಾಪಸು ಬಂತು. ಮೇಡಂಗೆ ಥ್ಯಾಂಕ್ಸ್, ನರ್ಸಿಗೆ ಥ್ಯಾಂಕ್ಸ್, ಗೋಡೆಗೆ ಬಣ್ಣ ಬಳಿಯುತ್ತಿದ್ದವನಿಗೂ ಥ್ಯಾಂಕ್ಸ್! ಆ ಗದ್ದಲದ ನಡುವೆ ಅಕ್ಕ ಮೆಲ್ಲಗೆ ಕೇಳಿದಳು, ಇವರು ಇನ್ನು ಚೆಂಡು ಎಸೆಯಬಹುದಾ ಎಂದು. ಮೇಡಂ ಇಲ್ಲವೆಂದು ತಲೆಯಾಡಿಸಿದರು. ಭುಜ ಪೂರ್ತಿ ಸವೆದಿದೆ. ಬರೆಯಬಹುದು, ಉಣ್ಣಬಹುದು, ಆಸ್ಪತ್ರೆಯ ಕೆಲಸ ಮಾಡಬಹುದು, ಆ ಆಟ ಮಾತ್ರ ಮುಗಿಯಿತು. "ಹೋಗ್ಲಿ ಬಿಡಿ, ಹೋಗ್ಲಿ ಬಿಡಿ" ಎಂದು ಭಾವ ನಗುತ್ತಲೇ ಹೊರಬಂದರು.

ಕಾರು ಓಡಿಸಲು ಅಕ್ಕ ಕೂತಳು. ಪಕ್ಕದಲ್ಲಿ ಭಾವ, ಹಿಂದೆ ನಾನು. ಕೀಲಿ ತಿರುಗಿಸಿದವಳು ಹಾಗೇ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಭಾವ ಕಂಗಾಲಾದರು.

"ಲೇ, ಏನೂ ಇಲ್ಲ ಅಂದ್ರಲ್ಲೇ! ನೆಟ್ಟಗಿದೀನಲ್ಲೇ!"

"ಗೊತ್ತು ರೀ..." ಎಂದಳು ಅಕ್ಕ. "ಆದ್ರೆ ಆ ದಿಬ್ಬದ ಮೇಲೆ ನಿಂತಾಗ ನಿಮ್ಮ ಮುಖ ಹೇಗಿರತ್ತೆ ಅಂತ ನಿಮಗೆ ಗೊತ್ತಿಲ್ಲ. ಇಷ್ಟು ವರ್ಷ ನೋಡ್ತಾ ಕೂತಿದ್ದವಳು ನಾನು. ಅದು ಇನ್ನು ನೋಡಕ್ಕೆ ಸಿಗಲ್ವಲ್ಲಾ."

ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ಆಮೇಲೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕಾರು ಹೊರಡಿಸಿದಳು. ಗೇರು ಹಾಕಿದ ಎಡಗೈಯನ್ನು ತೆಗೆದು ಭಾವನ ಜೋಳಿಗೆ ಕೈಯ ಮೇಲಿಟ್ಟಳು. ಹೊರಗೆ ದೊಡ್ಡ ರಸ್ತೆ ಬಂತು. ಎಂಜಿನ್ನು ಮೂರನೇ ಗೇರು ಬೇಕೆಂದು ಗೋಳಾಡಿತು. ಹಿಂದಿನ ಕಾರಿನವನು ಇಂಗ್ಲಿಷರ ಮರ್ಯಾದೆ ಬಿಟ್ಟು ಹಾರ್ನ್ ಹೊಡೆದ. ಅಕ್ಕ ಕೈ ತೆಗೆಯಲೇ ಇಲ್ಲ. ಡಿಡ್ಸ್‌ಬರಿಯ ಮನೆ ಬಾಗಿಲವರೆಗೂ ನಾವು ಎರಡನೇ ಗೇರಿನಲ್ಲೇ ಬಂದೆವು.