ಡ್ರಮ್ಮಿನೊಳಗಿನ ಗಿಳಿದಿಂಬು

ಡ್ರಮ್ಮಿನ ಹೊಟ್ಟೆಯೊಳಗೆ ದಿಂಬಿರುತ್ತದೆ ಎಂಬುದು ಕೇಳುವವರಿಗೆ ಗೊತ್ತಿರುವುದಿಲ್ಲ, ಬಾರಿಸುವವನಿಗೆ ಗೊತ್ತು. ಕಾಲಿನಿಂದ ಪೆಡಲ್ ಒತ್ತಿ ಬಾರಿಸುವ ಆ ದೊಡ್ಡ ಡ್ರಮ್ಮಿನೊಳಗೆ ಒಂದು ದಿಂಬು ತುರುಕಿದರೆ ಸದ್ದು 'ದಬ್' ಎಂದು ಗಂಭೀರವಾಗಿ ಬಂದು ಸುಮ್ಮನಾಗುತ್ತದೆ. ದಿಂಬಿಲ್ಲದಿದ್ದರೆ ಖಾಲಿ ನೀರಿನ ಟ್ಯಾಂಕಿಗೆ ಯಾರೋ ಗುದ್ದಿದ ಹಾಗೆ 'ಭೋಂಯ್' ಎಂದು ಅರ್ಧ ಹಾಡಿನ ತನಕ ಗುಂಯ್‌ಗುಡುತ್ತಲೇ ಇರುತ್ತದೆ. ಆ ಶನಿವಾರ ಬೆಳಗ್ಗೆ ಎಕ್ಸ್‌ಪ್ರೆಸ್ ತನ್ನ ಡ್ರಮ್ಮಿನ ಮುಂಭಾಗದ ತೂತಿಗೆ ಕೈ ಹಾಕಿದ. ಕೈಗೆ ಬರೀ ಗಾಳಿ ಸಿಕ್ಕಿತು.

"ಏನೇ, ಇದರೊಳಗಿದ್ದ ದಿಂಬೆಲ್ಲಿ?"

"ಅದಾ? ಅಮ್ಮ ಬರ್ತಾಳೆ ಅಂತ ಮನೆ ಕ್ಲೀನ್ ಮಾಡಿದ್ನಲ್ಲ, ಆವತ್ತೇ ಕಸಕ್ಕೆ ಹಾಕ್ದೆ," ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು. "ಅಷ್ಟು ಕೊಳಕು ದಿಂಬು ಇಟ್ಕೊಂಡಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಹದಿಮೂರು ವರ್ಷದ ದಿಂಬು ಕಣೇ ಅದು!"

"ಅದಕ್ಕೇ ಹಾಕಿದ್ದು."

ಎಕ್ಸ್‌ಪ್ರೆಸ್ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬ್ಯಾಂಡಿನವರು ಇಟ್ಟದ್ದು. ಹಾಡಿನ ಆರಂಭದಲ್ಲಿ ಮರ್ಯಾದೆಯಿಂದ ನಡೆಯುತ್ತಿದ್ದ ಅವನ ತಾಳ ಎರಡನೇ ಚರಣಕ್ಕೆ ಓಡತೊಡಗುತ್ತಿತ್ತು. ಹಾಡುಗಾರ ಏದುಸಿರು ಬಿಡುತ್ತ ಬಸ್ಸು ತಪ್ಪಿಸಿಕೊಂಡವನ ಹಾಗೆ ಹಿಂದೆ ಓಡಬೇಕಾಗುತ್ತಿತ್ತು. ನಾಲ್ಕು ನಿಮಿಷದ ಹಾಡು ಮೂರೇ ನಿಮಿಷಕ್ಕೆ ಮುಗಿದು, ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನ ಮುಖ ಮುಖ ನೋಡಿಕೊಂಡದ್ದೂ ಉಂಟು.

ಪಾಪ, ಅವನಿಗೂ ಒಂದು ಕೊರಗಿತ್ತು. ಹದಿಮೂರು ವರ್ಷದ ರಾಕ್ ಬ್ಯಾಂಡಿನ ಬಾಳಿನಲ್ಲಿ ಒಂದು ಪೋಸ್ಟರಿನಲ್ಲೂ ಅವನ ಮುಖ ಬಂದಿರಲಿಲ್ಲ. ಹಿಂದೆ ಕೂರುವವನು, ಎದುರಿಗೆ ಕಡ್ಡಿಯಿಂದ ಬಾರಿಸುವ ಹಿತ್ತಾಳೆಯ ತಟ್ಟೆ ಅಡ್ಡ. ನೆಂಟರು ಪೋಸ್ಟರ್ ನೋಡಿ "ಇದರಲ್ಲಿ ನೀನ್ಯಾರಪ್ಪಾ?" ಎಂದರೆ ಅವನು ಒಂದು ಮೊಣಕೈ ತೋರಿಸುತ್ತಿದ್ದ.

ಈಗ ಆ ಮೊಣಕೈಗೂ ಸಂಚಕಾರ ಬಂದಿತ್ತು. ಸಂಜೆ ನಾಲ್ಕಕ್ಕೆ ಸಭಾಂಗಣದಲ್ಲಿ ಕಾರ್ಯಕ್ರಮ. ರೆಕಾರ್ಡಿಂಗ್ ಕಂಪನಿಯ ಮ್ಯಾನೇಜರಮ್ಮ ಖುದ್ದಾಗಿ ಕೇಳಲು ಬರುತ್ತಿದ್ದರು. ಹಾಡುಗಾರ ಬೆಳಗ್ಗೆಯೇ ಫೋನ್ ಮಾಡಿ ಹೇಳಿಬಿಟ್ಟಿದ್ದ: "ನೋಡಪ್ಪಾ, ಇವತ್ತು ಓಡಿದ್ರೆ ಮುಗೀತು. ನಾಳೆಯಿಂದ ಡ್ರಮ್ ಮಿಷನ್ ತರಿಸ್ತೀವಿ. ಅದಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ, ಮುಖ್ಯವಾಗಿ ಅದು ಓಡಲ್ಲ."

ಇಂಥ ದಿನವೇ ದಿಂಬು ಕೈಕೊಡಬೇಕೆ? ಎಕ್ಸ್‌ಪ್ರೆಸ್ ಸೋಫಾದ ಸ್ಪಂಜಿನ ದಿಂಬು ತುರುಕಿ ನೋಡಿದ. ಅದು ಪುಟಿದು ಅವನ ಕಾಲನ್ನೇ ವಾಪಸ್ ಒದೆಯಿತು. ಕಂಬಳಿ ಇಟ್ಟ. ಡ್ರಮ್ಮಿಗೆ ನೆಗಡಿಯಾದಂತಿತ್ತು. ಮನೆಯಲ್ಲಿ ಉಳಿದಿದ್ದ ಹತ್ತಿಯ ದಿಂಬು ಒಂದೇ, ಅದು ಅತ್ತೆಯದು.

ಅತ್ತೆ ಮೂರು ದಿನದ ಹಿಂದೆ ಒಂದು ಪೆಟ್ಟಿಗೆ, ಒಂದು ದಿಂಬಿನ ಸಮೇತ ಬಂದಿಳಿದಿದ್ದರು. ನೇರಳೆ ಬಣ್ಣದ ದಿಂಬು, ಅದರ ಮೇಲೆ ಹಳದಿ ಗಿಳಿಗಳ ಕಸೂತಿ. ಅದಿಲ್ಲದೆ ಮೂವತ್ತು ವರ್ಷದಲ್ಲಿ ಅವರು ಕಣ್ಣು ಮುಚ್ಚಿದ್ದಿಲ್ಲ. ಬೆಳಗ್ಗೆ ಎದ್ದೊಡನೆ ಅದನ್ನು ಮಂಚದ ಮೇಲಿಟ್ಟು ಬಡಿಯುವುದು ಅವರ ಪದ್ಧತಿ. ಧಪ್, ಧಪ್, ಧಪ್. ಲೆಕ್ಕವಾಗಿ ನಲವತ್ತು ಏಟು. ಕೆಳಗಿನ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಆ ಸದ್ದು ಕೇಳಿಕೊಂಡೇ ತಮ್ಮ ನಾಡಿ ಎಣಿಸಿಕೊಳ್ಳುತ್ತಿದ್ದರು.

ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಎಕ್ಸ್‌ಪ್ರೆಸ್ ದಿಂಬನ್ನೆತ್ತಿ ಡ್ರಮ್ಮಿಗೆ ತುರುಕಿದ. ಪೆಡಲ್ ಒತ್ತಿ ನೋಡಿದ. 'ದಬ್.' ಅವನ ಕಣ್ಣಲ್ಲಿ ನೀರೇ ಬಂತು. ಅತ್ತೆ ಮಲಗುವುದು ರಾತ್ರಿ ಒಂಬತ್ತಕ್ಕೆ, ಆರಕ್ಕೆಲ್ಲ ದಿಂಬು ವಾಪಸ್, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿ ಡ್ರಮ್ಮನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ದಿನಾ ಮಧ್ಯಾಹ್ನ ಹಾಡುಗಾರನ ಮನೆಯಲ್ಲಿದ್ದ ಬೇರೊಂದು ಡ್ರಮ್ಮಿನಲ್ಲಿ ಅಭ್ಯಾಸ ಮಾಡಲು ಹೋಗುತ್ತಿದ್ದ ಅವನಿಗೆ, ಊಟವಾದ ಮೇಲೆ ಅತ್ತೆ ಅರ್ಧ ಗಂಟೆ ಅಡ್ಡಾಗುತ್ತಾರೆ ಎಂಬ ಸಂಗತಿ ಮಾತ್ರ ಗೊತ್ತಿರಲಿಲ್ಲ.

"ಅಯ್ಯೋ, ನನ್ನ ದಿಂಬು!"

ಆ ಕೂಗಿಗೆ ಮೊದಲು ಓಡಿಬಂದವರು ಹೆಡ್‌ಮೇಷ್ಟ್ರು. ನಿವೃತ್ತರಾದ ಮೇಲೆ ವಿಚಾರಣೆ ಮಾಡಲು ಒಂದು ಪ್ರಕರಣವೂ ಸಿಗದೆ ಅವರು ಸೊರಗಿಹೋಗಿದ್ದರು. ಹಿಂದೆಯೇ ಎದುರುಮನೆಯ ದರ್ಜಿ, ಕುತ್ತಿಗೆಯಲ್ಲಿ ಅಳತೆ ಟೇಪಿನ ಸಮೇತ ಬಂದ.

"ಯಾರೂ ಅಲ್ಲಾಡಬೇಡಿ!" ಎಂದರು ಮೇಷ್ಟ್ರು, ನೋಟುಬುಕ್ಕು ತೆರೆಯುತ್ತ. "ದಿಂಬನ್ನು ಕೊನೇ ಸಲ ನೋಡಿದ್ದು ಯಾರು?"

ದರ್ಜಿ ನೆಲದ ಮೇಲೆ ಮಂಡಿಯೂರಿ ಒಂದು ಎಳೆ ಹೆಕ್ಕಿದ. "ಹಳೇ ಹತ್ತಿ, ಮೇಷ್ಟ್ರೇ. ಮೂಲೆ ಹೊಲಿಗೆ ಬಿಟ್ಟಿದೆ. ಕದ್ದವನ ಮೈಮೇಲೂ ಹತ್ತಿ ಇದ್ದೇ ಇರುತ್ತೆ."

ಮೇಷ್ಟ್ರು ಕನ್ನಡಕದ ಮೇಲಿನಿಂದ ಎಕ್ಸ್‌ಪ್ರೆಸ್ಸನ್ನು ನೋಡಿದರು. "ಡ್ರಮ್ಮಿನವರೇ, ನಿಮ್ಮ ಮೀಸೆ ಮೇಲೆ ಅದೇನು ಬೆಳ್ಳಗೆ?"

"ನೆರೆ ಕೂದಲು ಸಾರ್."

"ಬೆಳಗ್ಗೆ ಇರಲಿಲ್ಲವಲ್ಲ?"

"ಇವತ್ತು ಟೆನ್ಷನ್ ಜಾಸ್ತಿ ಸಾರ್."

ಮೇಷ್ಟ್ರಿಗೆ ಅಯ್ಯೋ ಪಾಪ ಎನ್ನಿಸಿತು. "ಅತ್ತೆಯವರ ದಿಂಬು ಹೋಗಿದ್ದಕ್ಕೆ ಇಷ್ಟು ನೊಂದುಕೊಳ್ಳೋ ಅಳಿಯನ್ನ ನಾನು ನೋಡೇ ಇಲ್ಲ. ಬನ್ನಿ, ನೀವೇ ಮುಂದೆ ನಿಂತು ಹುಡುಕಿಸಿ," ಎಂದರು.

ಹೀಗೆ ಕಳ್ಳನೇ ಶೋಧ ತಂಡದ ಮುಖಂಡನಾದ. ಕಟ್ಟಡದ ಹನ್ನೊಂದೂ ಮನೆಗಳ ಬಾಗಿಲು ತಟ್ಟಿ, ಸಿಕ್ಕ ದಿಂಬುಗಳನ್ನೆಲ್ಲ ತರಿಸಿ, ಮೆಟ್ಟಿಲಿಗೆ ಒಂದರಂತೆ ಇಡಿಸಿದ್ದಾಯಿತು. ಅತ್ತೆ ಒಂದೊಂದನ್ನೇ ಒತ್ತುತ್ತ ಮೆಟ್ಟಿಲಿಳಿದರು.

"ಇದು ಕಲ್ಲು. ಇದು ತಲೆಯೆಣ್ಣೆ ಕುಡಿದು ಕೂತಿದೆ. ಇದ್ಯಾರದು, ಇದರ ಮೇಲೆ ಯಾರೋ ಅತ್ತಿದಾರೆ."

ಆ ದಿಂಬಿನ ಒಡತಿ, ಮೂರನೇ ಮಹಡಿಯ ನರ್ಸಮ್ಮ, ತಲೆ ತಗ್ಗಿಸಿ ಅದನ್ನೆತ್ತಿಕೊಂಡು ಹೋದಳು.

ಎರಡು ಗಂಟೆಗೆ ಬ್ಯಾಂಡಿನ ವ್ಯಾನು ಬಂದು ಹಾರ್ನ್ ಹೊಡೆಯಿತು. ಎಕ್ಸ್‌ಪ್ರೆಸ್ಸಿಗೆ ಹೋದ ಜೀವ ಬಂದಂತಾಯಿತು. ಡ್ರಮ್ಮಿನ ಚೀಲವನ್ನು ಅಪ್ಪಿಕೊಂಡು ದಿಂಬುಗಳನ್ನು ದಾಟುತ್ತ ಇಳಿಯುವಾಗ ಮೇಷ್ಟ್ರೇ ಇನ್ನೊಂದು ಬದಿ ಕೈಕೊಟ್ಟರು.

"ಹೋಗಿಬನ್ನಿ, ಇಲ್ಲಿ ನಾನು ನೋಡ್ಕೋತೀನಿ. ಆ ಕಳ್ಳ ಈ ಕಟ್ಟಡ ಬಿಟ್ಟು ಹೊರಗೆ ಹೋಗಬಾರದು, ಅಷ್ಟೇ," ಎಂದು ಅವರೇ ಕಳ್ಳನನ್ನು ವ್ಯಾನು ಹತ್ತಿಸಿದರು.

ನಾಲ್ಕಕ್ಕೆ ಪರದೆ ಸರಿಯಿತು. ಎಕ್ಸ್‌ಪ್ರೆಸ್ ಕಡ್ಡಿಗಳನ್ನು ಹಿಡಿದು, "ನಿಧಾನ, ನಿಧಾನ" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ತಲೆಯೆತ್ತಿದ. ಮೊದಲ ಸಾಲಿನಲ್ಲಿ ಮ್ಯಾನೇಜರಮ್ಮ. ಅವರ ಪಕ್ಕದಲ್ಲೇ ಹೆಂಡತಿ, ಮೇಷ್ಟ್ರು, ದರ್ಜಿ. ನಡುವೆ, ನಿದ್ದೆಯಿಲ್ಲದ ಕೆಂಪು ಕಣ್ಣಿನ ಅತ್ತೆ. ನಿದ್ದೆ ಹೇಗೂ ಇಲ್ಲ, ಮಗಳು ಹೇಳುತ್ತಿದ್ದ ಅಳಿಯನ 'ಕೂತು ಮಾಡುವ ಕೆಲಸ' ಎಂಥದೆಂದಾದರೂ ನೋಡೋಣ ಎಂದು ಅವರೂ ಹೊರಟುಬಂದಿದ್ದರು. ಫಿರ್ಯಾದುದಾರರೇ ಹೊರಟ ಮೇಲೆ ಶೋಧ ತಂಡವೂ ಕಾವಲು ಬಿಟ್ಟು ಹಿಂದೆಯೇ ಬಂದಿತ್ತು.

ಹಾಡು ಶುರುವಾಯಿತು. ಮೊದಲ ಚರಣ ಹೂವೆತ್ತಿದಂತೆ ಸಾಗಿತು. ಆಗಲೇ ಎಕ್ಸ್‌ಪ್ರೆಸ್ ಗಮನಿಸಿದ್ದು. ಅತ್ತೆ ಅವನನ್ನು ನೋಡುತ್ತಿರಲಿಲ್ಲ, ಡ್ರಮ್ಮಿನ ತೂತನ್ನು ನೋಡುತ್ತಿದ್ದರು. ಒಂದೊಂದು ಒದೆತಕ್ಕೂ ದಿಂಬು ಒಳಗಿನಿಂದ ಒಂದೊಂದಿಷ್ಟು ಹೊರಗೆ ಜಾರುತ್ತಿತ್ತು. ದಬ್, ಹಳದಿ ಬಾಲ. ದಬ್, ರೆಕ್ಕೆ. ಹಾಡು ಬೇಗ ಮುಗಿದರೆ ಉಳಿದೇನೆಂದುಕೊಂಡು ಅವನು ಓಟ ಕಿತ್ತ. ಓಡಿದಷ್ಟೂ ಗಿಳಿ ಬೇಗಬೇಗ ಹೊರಬಂತು. ಹಾಡುಗಾರ ಪದಗಳನ್ನು ನುಂಗತೊಡಗಿದ. ಎರಡನೇ ಚರಣದ ನಡುವೆ ಕೊಕ್ಕೂ ಕಣ್ಣೂ ಸಮೇತ ಗಿಳಿ ಸಭೆಯನ್ನು ನೋಡಿತು.

"ಅಳಿಯಂದ್ರೇ!"

ಅತ್ತೆ ವೇದಿಕೆ ಹತ್ತಿದರು. ಯಾರಿಗೂ ತಡೆಯುವ ಧೈರ್ಯ ಬರಲಿಲ್ಲ. ತೂತಿಗೆ ಕೈ ಹಾಕಿ ಒಂದೇ ಸಲ ಎಳೆದರು. ಡ್ರಮ್ಮು 'ಭೋಂಯ್' ಎಂದು ನರಳಿತು, ಎಕ್ಸ್‌ಪ್ರೆಸ್ಸಿನ ಕೈಯಿಂದ ಕಡ್ಡಿಗಳು ಬಿದ್ದವು. ಗಿಟಾರಿನವನು ದಿಕ್ಕು ತಪ್ಪಿದ. ಹಾಡುಗಾರ ಮಾತ್ರ ಮ್ಯಾನೇಜರಮ್ಮನ ಮುಖ ನೋಡಿಕೊಂಡು ಹಾಡುತ್ತಲೇ ಇದ್ದ.

"ನನ್ನ ದಿಂಬನ್ನ ಹಪ್ಪಳ ಮಾಡಿಟ್ಟಿದೀರಲ್ರೀ!" ಎಂದು ಅತ್ತೆ ಅಲ್ಲೇ, ಡ್ರಮ್ಮಿನ ಮೈಕಿನ ಎದುರಿಗೇ ಕೂತರು. ದಿಂಬನ್ನು ಮುಂದಿಟ್ಟುಕೊಂಡು ಬಡಿಯತೊಡಗಿದರು.

ಧಪ್. ಧಪ್. ಧಪ್.

ಆ ಸದ್ದು ಸಭಾಂಗಣದ ಗೋಡೆಗೋಡೆಗೂ ಹೋಗಿ ಮುಟ್ಟಿತು. ಗಿಟಾರಿನವನ ತಲೆ ತಾನಾಗಿ ಆಡತೊಡಗಿತು. ಹದಿಮೂರು ವರ್ಷದಲ್ಲಿ ಮೊದಲ ಸಲ ಹಾಡುಗಾರ ಎರಡು ಸಾಲುಗಳ ನಡುವೆ ಉಸಿರು ತೆಗೆದುಕೊಂಡ. ಮೇಷ್ಟ್ರು ಅಭ್ಯಾಸಬಲದಿಂದ ತಮ್ಮ ನಾಡಿ ಹಿಡಿದುಕೊಂಡರು. ಸರಿಯಾಗಿ ನಲವತ್ತನೇ ಏಟಿಗೆ ಹಾಡು ಮುಗಿಯಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮ್ಯಾನೇಜರಮ್ಮ ವೇದಿಕೆಗೆ ಓಡಿಬಂದು ಅತ್ತೆಯ ಕೈ ಹಿಡಿದುಕೊಂಡರು. "ಇಂಥ ತಾಳ ನಾನು ಕೇಳೇ ಇಲ್ಲ ಅಮ್ಮಾ! ನೀವು, ಈ ದಿಂಬು, ಈ ಬ್ಯಾಂಡು. ನಾಳೆನೇ ರೆಕಾರ್ಡಿಂಗ್!"

ಹಾಡುಗಾರ ಎಕ್ಸ್‌ಪ್ರೆಸ್ಸಿನ ಹೆಗಲ ಮೇಲೆ ಕೈಯಿಟ್ಟು ಗಂಟಲು ಸರಿಮಾಡಿಕೊಂಡ. "ಹೇಗೆ ಹೇಳ್ಲೋ... ಇನ್ನು ಮಿಷನ್ನೂ ಬೇಕಾಗಲ್ಲ."

ಎಕ್ಸ್‌ಪ್ರೆಸ್ ಬಗ್ಗಿ, ಬಿದ್ದಿದ್ದ ಕಡ್ಡಿಗಳನ್ನು ಹೆಕ್ಕಿಕೊಳ್ಳತೊಡಗಿದ. ಆಗ ಅತ್ತೆ ತಲೆಯಾಡಿಸಿದರು. "ಊಹೂಂ. ಅಳಿಯಂದ್ರು ಜೊತೆಗಿದ್ರೆ ಮಾತ್ರ ನಾನು ಬರೋದು."

ಅವನಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. "ಅತ್ತೇ, ನೀವು ದೇವರು!"

"ದಿಂಬು ಜಾರುತ್ತೆ ನೋಡಿ," ಎಂದರು ಅತ್ತೆ. "ಗಟ್ಟಿಯಾಗಿ ಹಿಡ್ಕೊಳ್ಳೋಕೆ ಒಬ್ರು ಬೇಕು. ಆದ್ರೆ ಬೇಜಾರು ಮಾಡ್ಕೋಬೇಡಿ, ಬಾರಿಸೋಕೆ ಬರಬೇಡಿ. ನೀವು ಸ್ವಲ್ಪ ಓಡ್ತೀರಿ."

ಅಲ್ಲೇ ಹೊಸ ಪೋಸ್ಟರಿಗೆ ಫೋಟೊ ತೆಗೆದರು. ದಿಂಬು ಹಿಡಿಯುವವನು ಮುಂದೆ ಕೂರಬೇಕಲ್ಲ, ಎಕ್ಸ್‌ಪ್ರೆಸ್ಸನ್ನು ನಟ್ಟನಡುವೆ ಕೂರಿಸಿದರು. ತಟ್ಟೆಯಿಲ್ಲ, ಅಡ್ಡಿಯಿಲ್ಲ. ಅವನು ಮೀಸೆಯ ಮೇಲಿನ ಹತ್ತಿ ಒರೆಸಿಕೊಂಡು, ಹದಿಮೂರು ವರ್ಷ ಕೂಡಿಟ್ಟಿದ್ದ ನಗೆಯನ್ನು ಮುಖದ ತುಂಬ ಹರಡಿಕೊಂಡ.

"ಗಿಳಿ ಕಾಣ್ತಿಲ್ಲ ಸಾರ್," ಎಂದ ಫೋಟೊದವನು. "ದಿಂಬು ಸ್ವಲ್ಪ ಮೇಲೆ... ಇನ್ನೂ ಸ್ವಲ್ಪ... ಹಾಂ, ಹಾಗೇ ಇರಿ."

ವಾರ ಕಳೆದು ಕಟ್ಟಡದ ಗೇಟಿನ ಪಕ್ಕ ಪೋಸ್ಟರ್ ಅಂಟಿಸಿದರು. ಹಾಡುಗಾರ, ಗಿಟಾರಿನವನು, ಕೈಯೆತ್ತಿ ನಿಂತ ಅತ್ತೆ, ನಡುವೆ ಹೊಳೆಯುವ ಹಳದಿ ಗಿಳಿಗಳು. ಮೇಷ್ಟ್ರು ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದರು.

"ಇದರಲ್ಲಿ ನೀವೆಲ್ಲಿದೀರಿ ಡ್ರಮ್ಮಿನವರೇ?"

ಎಕ್ಸ್‌ಪ್ರೆಸ್ ದಿಂಬಿನ ಆಚೆಗೊಂದು, ಈಚೆಗೊಂದು ಬೆರಳಿಟ್ಟು ತೋರಿಸಿದ. "ಈ ಸಲ ಎರಡೂ ಮೊಣಕೈ ಬಂದಿದೆ ಸಾರ್."