ಒಂದೇ ಬೆಳಗಿನಲ್ಲಿ ಮುಗಿದ ಏಳನೇ ತರಗತಿ

ಪಾಲಾಕ್ಷ ಮೇಷ್ಟ್ರು ಹೊದಿಕೆ ಎಳೆದಾಗ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಯಂತ್ರವನ್ನು ನೋಡಿದರು. ಅವರ ಹೆಂಡತಿ ವನಮಾಲಾ ಮಾತ್ರ ಹೊದಿಕೆಯನ್ನು ನೋಡಿದಳು. ಅದು ಅವಳ ಹೊಸ ಬೆಡ್‌ಶೀಟು.

ಗಂಡ ವಿಜ್ಞಾನದ ಮೇಷ್ಟ್ರು, ಹೆಂಡತಿ ಕನ್ನಡದ ಟೀಚರು. ವರ್ಗಾವಣೆಯಲ್ಲಿ ಗಂಡ ಹೆಂಡತಿಯನ್ನು ದೂರ ಮಾಡಬಾರದೆಂಬ ನಿಯಮದ ಕೃಪೆಯಿಂದ ಇಬ್ಬರೂ ಸಾಸಲುಕಟ್ಟೆಯ ಹಿರಿಯ ಪ್ರಾಥಮಿಕ ಶಾಲೆಗೇ ಬಂದು ಬಿದ್ದಿದ್ದರು. ಮನೆಯಲ್ಲಿ ಅರ್ಧಕ್ಕೆ ನಿಂತ ಜಗಳಕ್ಕೆ ಶಾಲೆಯಲ್ಲಿ ಒಂದೊಂದು ‘ಸರ್’, ‘ಮೇಡಂ’ ಅಂಟಿಸಿ ಮುಂದುವರಿಸುವುದು ಅವರ ಪದ್ಧತಿ.

“ಇದರ ಹೆಸರು ವರ್ಷಮಿತ್ರ,” ಎಂದರು ಪಾಲಾಕ್ಷ ಮೇಷ್ಟ್ರು, ಹೆತ್ತ ಮಗುವಿನ ತಲೆ ಸವರುವಂತೆ ಯಂತ್ರವನ್ನು ಸವರುತ್ತ. “ಜೂನ್ ಬಂದ್ರೆ ಸಾಕು, ಎಲ್ಲರೂ ವಾರ್ಷಿಕ ಪಾಠಯೋಜನೆ ಬರ್ಕೊಂಡು ಬೆರಳು ನೋಯಿಸ್ಕೋತೀವಿ. ಇನ್ಮೇಲೆ ಆ ತಾಪತ್ರಯ ಇಲ್ಲ. ಪಠ್ಯಪುಸ್ತಕ ಇಲ್ಲಿ ಹಾಕಿ, ವರ್ಷ ಅಲ್ಲಿ ಬರುತ್ತೆ.”

ಯಂತ್ರಕ್ಕೆ ಕೆಟ್ಟುಹೋದ ಟೀವಿಯ ಮುಖವಿತ್ತು, ಬಸ್ ಕಂಡಕ್ಟರುಗಳ ಹಳೆಯ ಟಿಕೆಟ್ ಯಂತ್ರದ ಬಾಯಿ ಇತ್ತು. ಅದರ ಹೊಟ್ಟೆಯೊಳಗೆ ಗುಯ್ಯೆನ್ನುತ್ತಿದ್ದ ಸದ್ದು ವನಮಾಲಾಗೆ ತೀರಾ ಪರಿಚಯದ್ದು ಎನಿಸಿತು.

“ಸರ್, ಅದು ನಮ್ಮನೆ ಮಿಕ್ಸಿ ಅಲ್ವಾ?”

“ಅದರ ಮೋಟರ್ ಮಾತ್ರ ಮೇಡಂ. ಮಿಕ್ಸಿ ಮನೇಲೇ ಇದೆ.”

ಹೆಡ್ ಮಾಸ್ಟರು ಓಂಕಾರಪ್ಪ ನಗು ತಡೆಯಲು ಕೆಮ್ಮಿದರು. ವನಮಾಲಾ ನಗಲಿಲ್ಲ. ಅವಳ ಕೈಯಲ್ಲಿ ಬೇಸಿಗೆ ರಜೆಯೆಲ್ಲ ಕೂತು, ಅಳಿಸಿ ತಿದ್ದಿ ಬರೆದ ಏಳನೇ ತರಗತಿಯ ಕನ್ನಡ ಪಾಠಯೋಜನೆ ಇತ್ತು. ಆ ತರಗತಿಯ ಅರ್ಧ ಮಕ್ಕಳು ಓದುವಾಗ ಕಲ್ಲು ಮುಳ್ಳಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದಂತೆ ಒಂದೊಂದು ಅಕ್ಷರಕ್ಕೂ ನಿಲ್ಲುತ್ತಿದ್ದರು. ಮಂಡಕ್ಕಿ ಹುರಿಯುವ ಭಟ್ಟಿಯವರ ಮಗಳು ಓಬಮ್ಮನಂತೂ ಬೀದಿಯ ಸುದ್ದಿ ಹೇಳಲು ನಿಂತರೆ ಇಡೀ ತರಗತಿ ಬಾಯಿ ತೆರೆದು ಕೇಳುತ್ತಿತ್ತು. ಪುಸ್ತಕ ಕೈಗೆ ಕೊಟ್ಟರೆ ಅವಳ ಬಾಯಿ ಮುಚ್ಚಿಹೋಗುತ್ತಿತ್ತು. ಮುಂದಿನ ವರ್ಷ ಇವರೆಲ್ಲ ಹೈಸ್ಕೂಲಿಗೆ ಹೋಗುತ್ತಾರೆ. ಅಲ್ಲಿ ಯಾರೂ ಪಕ್ಕದಲ್ಲಿ ಕೂತು ಓದು ಕಲಿಸುವುದಿಲ್ಲ. ಅದಕ್ಕೇ ವನಮಾಲಾ ಜೂನ್, ಜುಲೈ ತಿಂಗಳಲ್ಲಿ ಪಠ್ಯಪುಸ್ತಕ ಮುಟ್ಟುವುದಿಲ್ಲವೆಂದು ಬರೆದಿದ್ದಳು. ಮಕ್ಕಳು ತಮ್ಮ ತಮ್ಮ ಬೀದಿಯ ಕತೆ ಹೇಳಬೇಕು, ಅವಳು ಅದನ್ನು ಬೋರ್ಡಿನ ಮೇಲೆ ಬರೆಯಬೇಕು, ಅವರು ಅದನ್ನೇ ಓದಬೇಕು. ತಾನೇ ಆಡಿದ ಮಾತನ್ನು ಓದಲು ಯಾವ ಮಗು ಹೆದರೀತು?

“ಕೊಡಿ ಮೇಡಂ, ಇದನ್ನೇ ಹಾಕೋಣ,” ಎಂದು ಪಾಲಾಕ್ಷ ಮೇಷ್ಟ್ರು ಅವಳ ಕೈಯಿಂದ ಹಾಳೆಗಳನ್ನು ಕಿತ್ತು ಯಂತ್ರದೊಳಗೆ ತುರುಕಿದರು.

ಯಂತ್ರ ಗುಯ್ಗುಟ್ಟಿತು. ಆಮೇಲೆ ಬಸ್ ಸ್ಟ್ಯಾಂಡಿನ ಮೈಕಿನ ದನಿಯಲ್ಲಿ ಹೇಳಿತು: “ದೋಷ ಕಂಡುಬಂದಿದೆ. ಜೂನ್ ತಿಂಗಳಲ್ಲಿ ಮಕ್ಕಳು ಮಾತನಾಡುತ್ತಿದ್ದಾರೆ.”

“ದೋಷ ಅಂತೆ,” ಎಂದಳು ವನಮಾಲಾ. “ಮಕ್ಕಳು ಮಾತಾಡೋದು ದೋಷನಾ ಸರ್? ಇದಕ್ಕೆ ಇಂಥ ಬುದ್ಧಿ ಹೇಳಿಕೊಟ್ಟೋರು ಯಾರು?”

“ನಾನ್ಯಾಕೆ ಹೇಳಿಕೊಡ್ಲಿ? ಬೀರುವಿನಲ್ಲಿದ್ದ ಹಳೇ ಪಾಠಯೋಜನೆ ಎಲ್ಲಾ ಓದಿಸಿದೀನಿ. ಈ ಶಾಲೆ ಅನುಭವ ಪೂರ್ತಿ ಅದರ ಹೊಟ್ಟೇಲಿದೆ.”

ಬೀರುವಿನಲ್ಲಿದ್ದ ಅನುಭವ ಎಂಥದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೋ ಪುಣ್ಯಾತ್ಮರು ಯಾವುದೋ ಕಾಲದಲ್ಲಿ ಬರೆದದ್ದನ್ನು ಆಮೇಲಿನವರೆಲ್ಲ ಇಸವಿ ಬದಲಿಸಿ ಇಳಿಸಿಕೊಂಡಿದ್ದರು. ಓಂಕಾರಪ್ಪನವರು ಕಿಟಕಿಯಾಚೆಯ ಬೇವಿನ ಮರವನ್ನು ನೋಡತೊಡಗಿದರು.

“ಚೆನ್ನಾಗೇ ಬರೆದಿದೀರ ಮೇಡಂ,” ಎಂದರು ಅವರು ಸಮಾಧಾನದ ದನಿಯಲ್ಲಿ. “ಆದ್ರೆ ಕತೆ ಹೇಳೋದಕ್ಕೆ ಕಾಲಂ ಇಲ್ಲ ನೋಡಿ. ಇವತ್ತು ಪರಿವೀಕ್ಷಕರು ಬೇರೆ ಬರ್ತಿದಾರೆ. ಯಂತ್ರ ಕೊಡೋದನ್ನೇ ಇಟ್ಕೊಳ್ಳೋಣ.”

“ಇಟ್ಕೊಳ್ಳಿ ಸರ್. ಓದೋಕೆ ಬರದ ಮಕ್ಕಳನ್ನ ಯಾವ ಕಾಲಮ್ಮಿನಲ್ಲಿ ಇಟ್ಕೋತೀರ, ಅದನ್ನೂ ಇದನ್ನೇ ಕೇಳಿ,” ಎಂದು ವನಮಾಲಾ ಸೀಮೆಸುಣ್ಣ ತೆಗೆದುಕೊಂಡು ಹೊರಟೇಬಿಟ್ಟಳು.

ಅವಳು ತರಗತಿಗೆ ಹೋದಾಗ ಓಬಮ್ಮ ಆಗಲೇ ಎದ್ದು ನಿಂತಿದ್ದಳು.

“ಮಿಸ್, ನೆನ್ನೆ ನಮ್ ಭಟ್ಟಿಗೆ ಎಮ್ಮೆ ನುಗ್ಬುಡ್ತು ಮಿಸ್. ನಮ್ಮವ್ವ ಜರಡಿ ಹಿಡ್ಕಂಡು ಅದರ ಹಿಂದೆ, ಎಮ್ಮೆ ಮಂಡಕ್ಕಿ ಮೂಟೆ ಹಿಂದೆ...”

ವನಮಾಲಾ ‘ನಮ್ಮ ಭಟ್ಟಿಗೆ ಎಮ್ಮೆ ನುಗ್ಗಿತು’ ಎಂದು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಗೋಡೆಯ ಸ್ಪೀಕರಿನಿಂದ ಅದೇ ಬಸ್ ಸ್ಟ್ಯಾಂಡಿನ ದನಿ ಬಂತು: “ಏಳನೇ ತರಗತಿ. ಕನ್ನಡ. ಜೂನ್ ಮುಗಿದಿದೆ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೆ ಗಂಟೆ. “ಜುಲೈ ಮುಗಿದಿದೆ.” ಮತ್ತೊಂದು ಗಂಟೆ. “ಸ್ವಾತಂತ್ರ್ಯೋತ್ಸವ ಭಾಷಣ ಮುಗಿದಿದೆ. ಸಿಹಿ ಹಂಚಿಕೆ ಮುಗಿದಿದೆ.”

“ಮಿಸ್, ನಮ್ಗೆ ಕೊಡ್ಲೇ ಇಲ್ಲ,” ಎಂದಿತು ಹಿಂದಿನ ಬೆಂಚು.

“ದಸರಾ ರಜೆ ಪ್ರಾರಂಭ,” ಎಂದಿತು ಸ್ಪೀಕರು. ಪಕ್ಕದ ಆರನೇ ತರಗತಿ ಒಮ್ಮೆಗೇ ಹೋ ಎಂದು ಅಂಗಳಕ್ಕೆ ಸುರಿಯಿತು. ಐದನೆಯದೂ ಹಿಂದೆ ಬೀಳಲಿಲ್ಲ. ವನಮಾಲಾ ಬಾಗಿಲಿಗೆ ಅಡ್ಡ ನಿಂತಳು. “ಏಳನೇ ಕ್ಲಾಸಿಗೆ ದಸರಾ ಬಂದಿಲ್ಲ. ಓಬಮ್ಮ ಬೋರ್ಡ್ ನೋಡ್ಕೊತಾಳೆ. ಯಾರೂ ಏಳ್ಬೇಡಿ,” ಎಂದು ಹೇಳಿ ಸೆರಗು ಸಿಕ್ಕಿಸಿಕೊಂಡು ಸ್ಟಾಫ್ ರೂಮಿಗೆ ಓಡಿದಳು.

“ರೀ, ನಿಲ್ಲಿಸ್ರೀ ಅದನ್ನ!” ‘ಸರ್’ ಅನ್ನುವಷ್ಟು ವ್ಯವಧಾನ ಅವಳಿಗಿರಲಿಲ್ಲ.

ಪಾಲಾಕ್ಷ ಮೇಷ್ಟ್ರು ಬೆವರುತ್ತಿದ್ದರು. “ಯೋಜನೆ ತಾನಾಗೇ ಜಾರಿಗೆ ಬರ್ಲಿ ಅಂತ ಗಂಟೆಗೂ ಸ್ಪೀಕರಿಗೂ ವೈರ್ ಕೊಟ್ಟಿದ್ದೆ ಕಣೇ. ಯಾಕಿಷ್ಟು ಆತುರ ಮಾಡ್ತಿದೆ ಅಂತ ಈಗ ಗೊತ್ತಾಯ್ತು. ಹಳೇ ಪಾಠಯೋಜನೆಗಳಲ್ಲಿ ಷರಾ ಕಾಲಂ ನೋಡು. ‘ಮುಗಿದಿದೆ, ಮುಗಿದಿದೆ’ ಅಂತ ಇಡೀ ವರ್ಷದ್ದೂ ಒಂದೇ ಪೆನ್ನು, ಒಂದೇ ಶಾಯಿ.”

ಅದೂ ಎಲ್ಲರಿಗೂ ಗೊತ್ತಿದ್ದ ವಿಷಯವೇ. ಪರಿವೀಕ್ಷಕರು ಬರುತ್ತಾರೆಂದರೆ ಆ ದಿನ ಬೆಳಿಗ್ಗೆ ಕೂತು, ಕಾಫಿ ತಣ್ಣಗಾಗುವುದರೊಳಗೆ ವರ್ಷವನ್ನು ಮುಗಿಸುವುದು ಶಾಲೆಯ ಸಂಪ್ರದಾಯ. ವರ್ಷಮಿತ್ರ ಅದನ್ನು ಶ್ರದ್ಧೆಯಿಂದ ಕಲಿತಿತ್ತು.

ಅಷ್ಟರಲ್ಲಿ ಪರಿವೀಕ್ಷಕರ ಜೀಪು ಬಂತು. ದಸರಾ ರಜೆಗೆ ಹೊರಟಿದ್ದ ಮಕ್ಕಳ ನಡುವೆ ದಾರಿ ಮಾಡಿಕೊಂಡು ರುದ್ರಮುನಿ ಸಾಹೇಬರು ಒಳಗೆ ಬರುವ ಹೊತ್ತಿಗೆ ಯಂತ್ರ ವಾರ್ಷಿಕ ಪರೀಕ್ಷೆಯನ್ನೂ ಮುಗಿಸಿ, ಬಿಸಿಬಿಸಿ ಕಾಗದವನ್ನು ಮಾರುದ್ದ ಉಗುಳುತ್ತಿತ್ತು. ಸಾಹೇಬರ ಕಣ್ಣು ಅರಳಿತು.

“ಓಂಕಾರಪ್ಪನೋರೆ, ಇಷ್ಟು ಅಚ್ಚುಕಟ್ಟಾದ ದಾಖಲೆ ನಾನು ಯಾವ ಶಾಲೇಲೂ ನೋಡಿಲ್ಲ,” ಎಂದು ಪೆನ್ನು ತೆಗೆದು, ಕಾಗದ ಬರುತ್ತಿದ್ದಂತೆಯೇ ‘ಪರಿಶೀಲಿಸಿದೆ’ ಎಂದು ರುಜು ಮಾಡುತ್ತ ಹೋದರು.

ವನಮಾಲಾ ಇಣುಕಿ ನೋಡಿದಳು. ‘ಓಬಮ್ಮ. ಗಟ್ಟಿ ಓದು: ಅತ್ಯುತ್ತಮ.’ ಅವಳು ಆ ಸಾಲನ್ನು ಎರಡು ಸಲ ಓದಿದಳು. ಆ ಒಂದು ಪದಕ್ಕಾಗಿ ತಾನು ಇಡೀ ವರ್ಷ ಒದ್ದಾಡಬೇಕೆಂದಿದ್ದಳು. ಯಂತ್ರವೂ ಸಾಹೇಬರೂ ಸೇರಿ ಅದನ್ನು ಮಗುವಿನ ಬಾಯಿಂದ ಒಂದಕ್ಷರ ಕೇಳದೆ ದಾನ ಮಾಡಿಬಿಟ್ಟಿದ್ದರು.

“ಸಾರ್, ಆ ಹುಡುಗಿ ಇನ್ನೂ ಒಂದು ಸಾಲು ಓದಿಲ್ಲ. ಇವತ್ತು ಜೂನ್ ತಿಂಗಳು.”

“ದಾಖಲೆ ಕ್ಲಿಯರ್ ಇದೆಯಲ್ಲಮ್ಮ. ಮತ್ಯಾಕೆ ಟೆನ್ಷನ್?”

“ದಾಖಲೇನ ಹೈಸ್ಕೂಲಿಗೆ ಕಳಿಸಲ್ಲ ಸಾರ್. ಹುಡುಗೀನ ಕಳಿಸ್ತೀವಿ.”

ಸಾಹೇಬರು ರುಜು ಮಾಡುತ್ತಲೇ ಇದ್ದರು. ಯಂತ್ರಕ್ಕೆ ಏಳನೇ ತರಗತಿ ಮುಗಿದಿತ್ತು, ಆದರೆ ಉತ್ಸಾಹ ಮುಗಿದಿರಲಿಲ್ಲ. “ಶಾಲಾ ಶತಮಾನೋತ್ಸವ ಮುಗಿದಿದೆ,” ಎಂದಿತು. ಸಾಹೇಬರು ರುಜು ಹಾಕಿದರು. “ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ ಮುಗಿದಿದೆ.” ಇನ್ನೂ ಎಷ್ಟೋ ವರ್ಷ ಸರ್ವಿಸ್ ಇದ್ದ ಓಂಕಾರಪ್ಪನವರು ಕುರ್ಚಿ ಹಿಡಿದು ಕೂತರು. ಸಾಹೇಬರು ಅದಕ್ಕೂ ರುಜು ಹಾಕಿದರು. “ಪರಿವೀಕ್ಷಕ ರುದ್ರಮುನಿಯವರ ನಿವೃತ್ತಿ ಮುಗಿದಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಮುಗಿದಿದೆ.”

ರೂಢಿಯ ಕೈ ಅದಕ್ಕೂ ‘ಪರಿಶೀಲಿಸಿದೆ’ ಎಂದು ಬರೆದು ರುಜು ಎಳೆದ ಮೇಲೆ ಸಾಹೇಬರ ಕಣ್ಣು ಕಾಗದದ ಮೇಲೆ ನಿಂತಿತು. ಮುಖದ ಬಣ್ಣ ಇಳಿಯಿತು. “ರೀ ಮೇಷ್ಟ್ರೇ, ಏನ್ರೀ ಇದು? ಕೀಳ್ರೀ ವೈರು!” ಎಂದು ಕೂಗಿದರು. ಪಾಲಾಕ್ಷ ಮೇಷ್ಟ್ರು ಕಿತ್ತರು. ಯಂತ್ರ “ಧನ್ಯವಾದ ಸಮರ್ಪಣೆ ಮುಗಿ...” ಎಂದು ಸುಮ್ಮನಾಯಿತು.

ಸಾಹೇಬರು ಎಲ್ಲ ಕಾಗದವನ್ನೂ ಹರಿದು ಹಾಕಲು ಕೈ ಚಾಚಿದರು. ಅಷ್ಟರಲ್ಲಿ ವನಮಾಲಾ ಏಳನೇ ತರಗತಿಯ ಭಾಗವನ್ನು ಬೇರೆ ಮಾಡಿ ನಾಲ್ಕು ಮಡಿಕೆ ಮಡಿಚಾಗಿತ್ತು.

“ನಿಮ್ಮ ನಿವೃತ್ತಿ ಹರ್ಕೊಳ್ಳಿ ಸಾರ್. ಇದು ಇರ್ಲಿ. ಏಳನೇ ಕ್ಲಾಸಿನ ಕನ್ನಡ ಮಾರ್ಚ್‌ವರೆಗೂ ಮುಗಿದಿದೆ, ತಾವೇ ಪರಿಶೀಲಿಸಿದೀರ. ಅಂದ್ಮೇಲೆ ಈ ವರ್ಷ ಯಾವ ತಿಂಗಳು ಯಾವ ಪಾಠ ಅಂತ ನನ್ನನ್ನ ಯಾರೂ ಕೇಳೋ ಹಾಗಿಲ್ಲ, ಅಲ್ವಾ?”

ಸಾಹೇಬರು ಓಂಕಾರಪ್ಪನವರನ್ನು ನೋಡಿದರು. ಓಂಕಾರಪ್ಪನವರು ಬೇವಿನ ಮರವನ್ನು ನೋಡಿದರು. ಕೇಳಿದರೆ, ನೋಡದೆ ರುಜು ಮಾಡಿದೆನೆಂದು ಸಾಹೇಬರು ಒಪ್ಪಬೇಕಾಗಿತ್ತು. ಯಾರೂ ಕೇಳಲಿಲ್ಲ.

ವನಮಾಲಾ ಬಾಗಿಲು ದಾಟುವಾಗ ಪಾಲಾಕ್ಷ ಮೇಷ್ಟ್ರು ಸಣ್ಣ ದನಿಯಲ್ಲಿ ಕೇಳಿದರು: “ಎಲ್ಲಿಗೆ ಮೇಡಂ?”

“ಕ್ಲಾಸಿಗೆ ಸರ್. ವರ್ಷ ಮುಗೀತಲ್ಲ, ಇನ್ನು ಪಾಠ ಶುರು ಮಾಡ್ತೀನಿ.”