ಏಳನೆಯ ಬಾಗಿಲೂ ಬಾಯ್ತುಂಬ ಕವಳವೂ

ಕವಳ ತುಂಬಿದ ಬಾಯಿಗೆ ಯಾರೂ ಪ್ರಶ್ನೆ ಹಾಕಬಾರದು. ಇದು ಯಾವ ಶಾಸನಸಭೆಯೂ ಪಾಸು ಮಾಡದ, ಆದರೆ ಯಲ್ಲಾಪುರದ ಮನೆಗಳಲ್ಲಿ ಎಲ್ಲರೂ ಪಾಲಿಸುವ ಕಾನೂನು. ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳು, ಚೂರು ತಂಬಾಕು ಇಟ್ಟು, ಮಡಚಿ ದವಡೆಗೆ ಸೇರಿಸಿದ ಮನುಷ್ಯ ಮುಖವನ್ನು ಮೇಲಕ್ಕೆತ್ತಿ 'ಹ್ಞೂಂ' ಎಂದನೆಂದರೆ ಮುಗಿಯಿತು, ವಿಷಯ ಅವನಿಗೆ ಪೂರ್ತಿ ಗೊತ್ತು ಎಂದೇ ಲೆಕ್ಕ. ಈ ಒಂದು ಕಾನೂನಿನ ಬಲದಿಂದ ಶಾಂತಾರಾಮ ಹೆಗಡೆ ಒಂದೇ ಒಂದು ಕಾದಂಬರಿಯನ್ನೂ ಓದದೆ ಊರಿನ ಓದುಗರ ಬಳಗದಲ್ಲಿ ಗಂಭೀರ ಓದುಗನೆಂದು ಹೆಸರು ಮಾಡಿದ್ದ.

ಬಳಗ ಕಟ್ಟಿದವಳು ಅವನ ಹೆಂಡತಿ ದೇವಕಿ. ಟೀವಿಯಲ್ಲಿ ಒಂದೇ ಚಾನೆಲ್ಲು, ಅದೂ ಯಾರಾದರೂ ಮಾಡು ಹತ್ತಿ ಆಂಟೆನಾ ತಿರುಗಿಸಿದರೆ ಮಾತ್ರ ಎನ್ನುವ ಕಾಲ ಅದು. ಹಾರುವ ಕುದುರೆ, ಪಾತಾಳದ ಅರಮನೆ, ಕಲ್ಲಾಗುವ ರಾಜಕುಮಾರರು ತುಂಬಿದ ಕಾದಂಬರಿಗಳೆಂದರೆ ದೇವಕಿಗೆ ಜೀವ. ಅಂಥದೇ ರುಚಿಯ ನಾಲ್ಕಾರು ಜನರನ್ನು ಹುಡುಕಿ, ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರುವ ವ್ಯವಸ್ಥೆ ಮಾಡಿದ್ದಳು. ಮೆಚ್ಚಿನ ಕಾದಂಬರಿ ಯಾವುದು, ಮೆಚ್ಚಿನ ಲೇಖಕರು ಯಾರು, ಏಕೆ ಎಂದು ಅಲ್ಲಿ ಮಾತಾಗಬೇಕು. ಆಗುತ್ತಿದ್ದುದು ಹೆಚ್ಚಾಗಿ ಜಗಳ. ದೇವಕಿ ಕನಕಾಂಗಿ ಎಂಬ ಲೇಖಕಿಯ ಪಕ್ಷ. ಟೆಲಿಫೋನ್ ಎಕ್ಸ್‌ಚೇಂಜಿಗೆ ಹಾವೇರಿ ಕಡೆಯಿಂದ ವರ್ಗವಾಗಿ ಬಂದ ಸಿದ್ದವ್ವ 'ಉಲ್ಕಾಪಾತ' ಎಂಬ ಕಾವ್ಯನಾಮದವರ ಪಕ್ಷ. (ಈ ಮಹಾನುಭಾವರು ಅಧ್ಯಾಯಕ್ಕೊಂದು ಸಾಮ್ರಾಜ್ಯ ಮುಳುಗಿಸದೆ ಪೆನ್ನು ಕೆಳಗಿಡುತ್ತಿರಲಿಲ್ಲ.) ಶಾಂತಾರಾಮ ಯಾರ ಪಕ್ಷವೂ ಅಲ್ಲ. ಅಡಿಕೆ ವಖಾರಿಯ ಗುಮಾಸ್ತನಾದ ಅವನು ಓದುತ್ತಿದ್ದುದು ಪೇಪರಿನ ಅಡಿಕೆ ಧಾರಣೆಯ ಕಾಲಮ್ಮು ಮಾತ್ರ, ಅದಕ್ಕಿಂತ ದೊಡ್ಡ ಕಲ್ಪನಾವಿಲಾಸ ಇನ್ನೆಲ್ಲೂ ಇಲ್ಲವೆಂದು ಅವನ ಅಭಿಪ್ರಾಯ.

ಬಳಗದಲ್ಲಿ ಇನ್ನೊಬ್ಬನಿದ್ದ. ದೇವಕಿಯ ಅಕ್ಕನ ಗಂಡ ವಿಘ್ನೇಶ್ವರ. ಇವನು ಪುಸ್ತಕ ಕೈಗೆ ಬಂದೊಡನೆ ಕೊನೆಯ ಪುಟ ತೆಗೆಯುವವ. ಅದನ್ನು ಓದಿ ಸುಮ್ಮನಿದ್ದರೆ ಅವನ ಪಾಡು ಅವನಿಗೆ, ಆದರೆ ಎದುರು ಸಿಕ್ಕವರಿಗೆಲ್ಲ ಹೇಳದಿದ್ದರೆ ಅವನಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಯಲ್ಲಾಪುರದಲ್ಲಿ ಎಷ್ಟು ಕಾದಂಬರಿಗಳು ಇವನ ಬಾಯಲ್ಲಿ ಅಕಾಲ ಮರಣಕ್ಕೆ ತುತ್ತಾದವೋ ದೇವರೇ ಬಲ್ಲ.

ಹೀಗಿರುವಾಗ ಬಂತು ಕನಕಾಂಗಿಯವರ 'ಸ್ಫಟಿಕಸರೋವರ'ದ ಮೂರನೆಯ ಭಾಗ. ಎರಡನೆಯ ಭಾಗ ಮುಗಿಯುವಾಗ ರಾಜಕುಮಾರಿ ಸರೋವರದ ತಳದಲ್ಲಿ ಏಳನೆಯ ಬಾಗಿಲಿನ ಬೀಗಕ್ಕೆ ಕೀಲಿಕೈ ತೂರಿಸಿ ನಿಂತಿದ್ದಳು. ಎರಡು ವರ್ಷವಾಯಿತು, ಪಾಪ ಇನ್ನೂ ನಿಂತೇ ಇದ್ದಳು. ಹೊಲಿಗೆಯಂಗಡಿಯ ಜೊತೆಗೆ ಬಾಡಿಗೆ ಪುಸ್ತಕಗಳನ್ನೂ ಇಟ್ಟಿದ್ದ ಪ್ರತಿಭಾ ತರಿಸಿದ್ದು ಒಂದೇ ಪ್ರತಿ. ಅದನ್ನು ದೇವಕಿ ಒಂದು ಕಡೆಯಿಂದ, ವಿಘ್ನೇಶ್ವರ ಇನ್ನೊಂದು ಕಡೆಯಿಂದ ಹಿಡಿದು ಎಳೆದಾಗ ರಟ್ಟು ಚರ್ ಎಂದಿತು. ಪ್ರತಿಭಾ ಪುಸ್ತಕ ಕಿತ್ತುಕೊಂಡು ಕತ್ತರಿಯ ಪಕ್ಕ ಇಟ್ಟಳು.

"ಈ ಭಾನುವಾರ ಯಾರು ತಮ್ಮ ಮೆಚ್ಚಿನ ಕಾದಂಬರಿ ಬಗ್ಗೆ ಚೆಂದ ಮಾಡಿ ಮಾತಾಡ್ತಾರೋ, ಅವರ ಮನೆಗೆ ಮೊದಲು. ಹೋದ ತಿಂಗಳು ಮಾತಾಡಿದವರು ಈ ತಿಂಗಳು ಮಾತಾಡೋ ಹಾಗಿಲ್ಲ" ಎಂದಳು.

ಹೋದ ತಿಂಗಳು ಒಂದೂವರೆ ತಾಸು ಮಾತಾಡಿದವಳು ದೇವಕಿ. ಮನೆಗೆ ಬಂದವಳೇ ಗಂಡನ ಮುಂದೆ ನಿಂತಳು.

"ಈ ಸಲ ನಿಂಗನೇ ಮಾತಾಡವು."

"ಆನಾ? ಅಡಿಕೆ ಧಾರಣೆ ಬಗ್ಗೆ ಮಾತಾಡಿದ್ರೆ ಆಗ್ತಿಲ್ಯಾ?"

"ಆಗ್ತಿಲ್ಲೆ. ಆ ಪುಸ್ತಕ ಭಾವನ ಕೈಗೆ ಹೋತು ಅಂದ್ರೆ ಸಂಜೆ ಒಳಗೆ ಕೊನೆ ಇಡೀ ಊರಿಗೆ ಗೊತ್ತಾಗ್ತು. ಎರಡು ವರ್ಷ ಕಾದಿದ್ದಿ ಆನು. ಮದುವೆಗೂ ಇಷ್ಟು ಕಾದಿದ್ನಿಲ್ಲೆ."

ಹೀಗೆಂದು ಉಲ್ಕಾಪಾತರ ದಪ್ಪನೆಯ ಕಾದಂಬರಿಯೊಂದನ್ನು ಅವನ ತೊಡೆಯ ಮೇಲಿಟ್ಟಳು. ಶಾಂತಾರಾಮ ವಾರವಿಡೀ ಅದರ ಸಂಗ ಬಿಡಲಿಲ್ಲ. ಮಧ್ಯಾಹ್ನದ ನಿದ್ರೆಗೆ ಅದಕ್ಕಿಂತ ಹದವಾದ ತಲೆದಿಂಬು ಅವನಿಗೆ ಈವರೆಗೆ ಸಿಕ್ಕಿರಲಿಲ್ಲ. ತನ್ನ ಸರದಿ ಬರುವಾಗ ಬಾಯ್ತುಂಬ ಕವಳ ಹಾಕಿಕೊಂಡು ಹೆಂಡತಿಯ ಕಡೆ ಕೈ ತೋರಿಸಿದರಾಯಿತು, ಗಂಡನ ಪರವಾಗಿ ಹೆಂಡತಿ ಮಾತಾಡಿದರೆ ಯಾರು ಬೇಡ ಎನ್ನುತ್ತಾರೆ ಎಂಬುದು ಅವನ ಧೈರ್ಯ.

ಭಾನುವಾರ ಸಭೆ ಅವರ ಮನೆಯಲ್ಲೇ. ಅವಲಕ್ಕಿ, ಚಹಾ ಮುಗಿಯಿತು. ಸಿದ್ದವ್ವನಿಗೆ ಗಂಟಲು ಕಟ್ಟಿದ್ದರಿಂದ ಅವಳು ಸ್ಪರ್ಧೆಯಲ್ಲಿರಲಿಲ್ಲ. ವಿಘ್ನೇಶ್ವರ ಎದ್ದು ತನ್ನ ಮೆಚ್ಚಿನ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಹೇಳಿ, ಆಮೇಲೆ ಹೇಳಲು ಏನೂ ಉಳಿಯದೆ ಕೂತ. ಶಾಂತಾರಾಮ ಸಮಾಧಾನದಿಂದ ಕವಳದ ತಟ್ಟೆಗೆ ಕೈ ಹಾಕಿದ. ತಟ್ಟೆ ಅಲ್ಲಿರಲಿಲ್ಲ. ಪ್ರತಿಭಾ ಅದನ್ನೆತ್ತಿ ಕಪಾಟಿನ ನೆತ್ತಿಗೆ ಏರಿಸುತ್ತಿದ್ದಳು.

"ಹೋದ ಸಲ ಒಂದು ಪುಸ್ತಕದಲ್ಲಿ ರಾಜಕುಮಾರಿ ಮದುವೆಯ ಪುಟದ ತುಂಬ ಕವಳದ ಕೆಂಪು ಹನಿ. ಬಾಡಿಗೆಗೆ ಒಯ್ದವರು ಮದುವೇಲಿ ಕೊಲೆಯಾಯ್ತಾ ಅಂತ ಕೇಳ್ತಾರೆ. ಇನ್ನು ಮಾತೆಲ್ಲ ಮುಗಿದ ಮೇಲೇ ಕವಳ" ಎಂದು ಅವಳು ವಿಘ್ನೇಶ್ವರನನ್ನು ನೋಡಿದಳು. ವಿಘ್ನೇಶ್ವರ ಕಿಟಕಿ ನೋಡಿದ.

ಎಲ್ಲರೂ ಶಾಂತಾರಾಮನನ್ನು ನೋಡಿದರು. ಖಾಲಿ ಬಾಯಿ ಇಟ್ಟುಕೊಂಡು ಸಭೆಯಲ್ಲಿ ನಿಂತು ಅವನಿಗೆ ಗೊತ್ತೇ ಇರಲಿಲ್ಲ. ತಲೆದಿಂಬಿನೊಳಗೆ ಏನಿತ್ತೆಂದು ನೆನಪಿಸಿಕೊಳ್ಳಲು ನೋಡಿದ, ನಿದ್ರೆಯೊಂದೇ ನೆನಪಾಯಿತು. ಬೆಂಚಿನ ಕೆಳಗೆ ಬೆಕ್ಕು ಮಲಗಿತ್ತು.

"ಮಾರ್ಜಾಲ ಮಹಾರಾಣಿ" ಎಂದ ಶಾಂತಾರಾಮ.

"ಯಾರು ಬರೆದಿದ್ದು?" ಎಂದಳು ಪ್ರತಿಭಾ.

ಅವನ ಕಣ್ಣು ಗೋಡೆಯ ಮೇಲೆ ಓಡಾಡಿ ಕಿಟಕಿಯಲ್ಲಿ ನಿಂತಿತು. "ಗವಾಕ್ಷ ಅಂತ. ಕಾವ್ಯನಾಮ."

ಅಲ್ಲಿಂದ ಮುಂದೆ ಏನಾಯಿತೆಂದು ಅವನಿಗೇ ತಿಳಿಯಲಿಲ್ಲ. ಶಾಪದಿಂದ ಬೆಕ್ಕಾದ ರಾಣಿ ತನ್ನ ಅರಮನೆಯಲ್ಲೇ ಹಾಲು ಕದ್ದು ಕುಡಿದು ಬದುಕುವಂತಾಯಿತು. ಗೋಡೆಗೆ ತೂಗಿದ್ದ ಕೊಡೆ ಅವನ ಬಾಯಲ್ಲಿ ಕಪ್ಪು ರೆಕ್ಕೆಯ ಪಕ್ಷಿಯಾಗಿ ಅವಳನ್ನು ಏಳು ಗುಡ್ಡ ದಾಟಿಸಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹಾಕಿತು, ಸೀಟಿ ಹಾಕಿ ಎಚ್ಚರಗೊಳ್ಳುವ ಒಬ್ಬ ಹೊಟ್ಟೆಬಾಕ ರಾಕ್ಷಸನೂ ಕಥೆಯೊಳಗೆ ಬಂದ. ದೇವಕಿ ಬೆಕ್ಕನ್ನೂ ಕೊಡೆಯನ್ನೂ ಅಡುಗೆಮನೆಯನ್ನೂ ಒಂದೊಂದಾಗಿ ನೋಡಿದಳು. ಅವಳಿಗೆ ಅರ್ಥವಾಯಿತು. ಆದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಟ್ಟಿಯಾಗಿ ಕೂತಳು.

"ಭಾಳ ಛಲೋ ಐತ್ರಿ ಹೆಗಡೇರ" ಎಂದಳು ಸಿದ್ದವ್ವ ಕಟ್ಟಿದ ಗಂಟಲಲ್ಲಿ. "ಬೆಕ್ಕು ಮತ್ತ ರಾಣಿ ಆಕ್ಕಾಳೇನ್ರಿ ಕಡೀಕ?"

"ಕೊನೆ ಹೇಳಬಾರದು" ಎಂದ ಶಾಂತಾರಾಮ ಗತ್ತಿನಿಂದ. ಪ್ರತಿಭಾ ಚಪ್ಪಾಳೆ ತಟ್ಟಿದಳು. ಅವಳ ಕೈ ಪುಸ್ತಕದ ಕಡೆ ಹೋಯಿತು. ದೇವಕಿ ಗಂಡನನ್ನು ನೋಡಿದ ನೋಟದಲ್ಲಿ ಅಪ್ಪಟ ಹೆಮ್ಮೆಯಿತ್ತು. ಅಂಥದೊಂದು ನೋಟ ಅವಳ ಹತ್ತಿರ ಉಂಟೆಂದು ಶಾಂತಾರಾಮನಿಗೆ ಅಂದೇ ಗೊತ್ತಾದದ್ದು, ಅವನಿಗೆ ನಿಜವಾಗಿ ಬಹಳ ಸಂತೋಷವಾಯಿತು.

ಆದರೆ ತಾನು ಓದದ ಪುಸ್ತಕವೊಂದು ಈ ಭೂಮಿಯ ಮೇಲಿರುವುದನ್ನು ವಿಘ್ನೇಶ್ವರ ಹೇಗೆ ಸಹಿಸಬೇಕು?

"ಇದಾ? ಇದ್ನ ಆನು ಶಿರಸಿಲಿ ಇದ್ದಾಗಲೇ ಓದಿದ್ದಿ" ಎಂದ ಅವನು. "ಕೊನೇಲಿ ಬೆಕ್ಕು ಬೆಕ್ಕಾಗೇ ಉಳೀತು. ಅರಮನೇಲಿ ಇಲಿ ಕಾಟ ತಪ್ಪಿತು ಹೇಳಿ ರಾಜಂಗೂ ಖುಷಿ."

"ಹಾಂಗೆ ಇಲ್ಲೆ, ವಿಘ್ನೇಶಣ್ಣ" ಎಂದ ಶಾಂತಾರಾಮ. ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತು, ರಾಣಿಯ ಮೇಲೆ ಆಗಲೇ ಮಮತೆ ಹುಟ್ಟಿತ್ತು.

"ಹಂಗಾರೆ ರಾಣಿಯ ತಂಗಿ ಹೆಸರು ಎಂತಾ, ಹೇಳು ನೋಡನ."

"ತಂಗಿ? ತಂಗಿ ಇಲ್ಲೆ."

"ಕೇಳಿದ್ರಾ? ಎರಡನೇ ಭಾಗ ಪೂರ್ತಿ ತಂಗಿದೇ ಕಥೆ."

"ತಂಗಿ ಇರ್ತಾಳ್ರಿ" ಎಂದಳು ಸಿದ್ದವ್ವ, ಸ್ವಲ್ಪ ಯೋಚಿಸಿ. "ನಾನೂ ಹಾವೇರ್ಯಾಗ ಓದಿದ ನೆಪ್ಪ ಐತಿ. ತಂಗೀದ ಓದೋವಾಗ ಭಾಳ ಅತ್ತಿದ್ದೆ."

ಶಾಂತಾರಾಮ ಎರಡೂ ಕೈ ಮೇಲೆತ್ತಿದ. "ಎರಡನೇ ಭಾಗವೇ ಇಲ್ಲೆ" ಎಂದ. "ಮೊದಲನೇದೂ ಇಲ್ಲೆ. ಆ ಪುಸ್ತಕವೇ ಇಲ್ಲೆ. ಈಗಷ್ಟೇ ಇಲ್ಲಿ ನಿಂತು ಆನೇ ಕಟ್ಟಿ ಹೇಳಿದ್ದು."

ದೇವಕಿಯೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರು. "ಹೆಗಡೆಯವರೇ, ಪೂರ್ತಿ ಓದಿಲ್ಲ ಅಂದ್ರೆ ಓದಿಲ್ಲ ಅನ್ನಿ" ಎಂದಳು ಪ್ರತಿಭಾ ಬೇಸರದಿಂದ. "ಅದಕ್ಕೆ ಪುಸ್ತಕವೇ ಇಲ್ಲ ಅನ್ನೋದಾ? ಪಾಪ, ಬರೆದವರಿಗೆ ಎಷ್ಟು ಅವಮಾನ."

ಸ್ವಂತ ಕಾದಂಬರಿಯ ಪರೀಕ್ಷೆಯಲ್ಲೇ ಶಾಂತಾರಾಮ ನಪಾಸಾದ. ಸ್ಫಟಿಕಸರೋವರ ವಿಘ್ನೇಶ್ವರನ ಕೈಗೆ ಹೋಯಿತು. ಕಪಾಟಿನಿಂದ ಕವಳದ ತಟ್ಟೆ ಇಳಿಯಿತು, ಶಾಂತಾರಾಮ ದುಃಖಕ್ಕೆ ಎರಡೆರಡು ಎಲೆಯ ಕವಳ ಮಡಚತೊಡಗಿದ. ವಿಘ್ನೇಶ್ವರ ಅಲ್ಲೇ ಕೊನೆಯ ಪುಟ ತೆರೆದು ಗಂಟಲು ಸರಿಮಾಡಿಕೊಂಡ. ದೇವಕಿ ಎರಡೂ ಕಿವಿಗೆ ಬೆರಳಿಟ್ಟು, ಕಣ್ಣುಮುಚ್ಚಿ, ಗಟ್ಟಿಯಾಗಿ ರಾಮನಾಮ ಶುರುಮಾಡಿದಳು. ಅವಳಿಗೆ ಒಂದಕ್ಷರವೂ ಕೇಳಲಿಲ್ಲ. ಒಂದು ಕೈಯಲ್ಲಿ ಎಲೆ, ಇನ್ನೊಂದು ಕೈಯ ಬೆರಳಲ್ಲಿ ಸುಣ್ಣವಿದ್ದ ಶಾಂತಾರಾಮನಿಗೆ ಎಲ್ಲವೂ ಕೇಳಿತು.

ಎಲ್ಲರೂ ಹೋದ ಮೇಲೆ ದೇವಕಿ ಬೆರಳು ತೆಗೆದಳು. "ನಿಂಗಕ್ಕೆ ಕೇಳಿತಾ?"

ಶಾಂತಾರಾಮ ಕವಳ ತುಂಬಿದ ಬಾಯಲ್ಲಿ 'ಹ್ಞೂಂ' ಎಂದ.

ಅಂದಿನಿಂದ ಆ ಮನೆಯಲ್ಲಿ ಹೊಸ ಕಟ್ಟಳೆ ಬಂತು. ಪುಸ್ತಕ ಭಾವನ ಮನೆಯಿಂದ ಬರುವ ತನಕ ಗಂಡ ಬಾಯಿ ತಪ್ಪಿ ಕೊನೆ ಹೇಳಿಬಿಡಬಾರದು, ಅದಕ್ಕೆ ವಖಾರಿಯಿಂದ ಬಂದೊಡನೆ ದೇವಕಿಯೇ ಕವಳ ಮಡಚಿ ಅವನ ಬಾಯಿಗಿಡುತ್ತಿದ್ದಳು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧವಿರುತ್ತಿತ್ತು. ಊಟಕ್ಕೆ ಮಾತ್ರ ಬಿಡುವು, ಆಗಲೂ ಮಜ್ಜಿಗೆ ಬೇಕೆಂದರೆ ಕೈಸನ್ನೆ. ಇಷ್ಟು ದಿನ ಯಾವ ಕವಳ ಅವನನ್ನು ಕಾಪಾಡಿತ್ತೋ ಅದೇ ಈಗ ಅವನ ದವಡೆ ಬೀಳಿಸುತ್ತಿತ್ತು.

ತಡೆಯಲಾರದವಳು ಕಡೆಗೆ ದೇವಕಿಯೇ. ಒಂದು ಸಂಜೆ ಅವನೆದುರು ಕೂತು, "ಕೊನೆ ಹೇಳಡಿ" ಎಂದಳು. "ಕೊನೆ ಬ್ಯಾಡ ಯಂಗೆ. ಆದ್ರೂ ಆ ರಾಜಕುಮಾರಿ..." ಎಂದು ಅವನ ಮುಖವನ್ನೇ ದಿಟ್ಟಿಸಿದಳು.

ಶಾಂತಾರಾಮ ಕಲ್ಲಿನಂತೆ ಕೂತ. ಕತ್ತು ಅಲುಗಿಸಲಿಲ್ಲ, ಹುಬ್ಬು ಎತ್ತಲಿಲ್ಲ. ಆದರೆ ಅವಸರದಲ್ಲಿ ಅವಳು ಎಲೆಗೆ ಸುಣ್ಣವನ್ನು ಕೈಬಿಚ್ಚಿ ಸವರಿದ್ದಳು. ನಾಲಿಗೆ ಸುಟ್ಟು ಅವನ ಕಣ್ಣಲ್ಲಿ ಧಾರಾಕಾರ ನೀರು ಬಂತು.

"ಅಯ್ಯೋ, ರಾಜಕುಮಾರಿ ಸತ್ತೋತಾ?" ಎಂದು ದೇವಕಿ ಎದೆ ಹಿಡಿದುಕೊಂಡು ಅಳತೊಡಗಿದಳು.

ಹೆಂಡತಿ ಅಳುವುದನ್ನು ನೋಡಲಾರದ ಆ ಸಾಧು ಪ್ರಾಣಿ ಗಾಬರಿಯಿಂದ, ಇಲ್ಲ ಇಲ್ಲವೆಂದು ಕತ್ತು ಕಳಚುವಂತೆ ತಲೆಯಾಡಿಸಿದ.

ದೇವಕಿಯ ಅಳು ನಿಂತಿತು. "ಅಂದ್ರೆ ಬದುಕ್ತು" ಎಂದಳು ನಿಧಾನವಾಗಿ. "ಎರಡು ವರ್ಷ ಕಾದಿದ್ದಿ ಆನು. ಭಾವನ ಬಾಯಿಂದ ತಪ್ಪಿಸ್ಕಂಡು ಬಂದಿ. ಕಡೆಗೂ ಹಾಳು ಮಾಡಿದ್ದು ನಿಂಗ."

ಬಾಯಿಬಿಡದೆ ಕಾದಂಬರಿ ಕೆಡಿಸಿದ ಮೊದಲ ಮನುಷ್ಯನೆಂದು ಬಳಗ ಮುಂದಿನ ತಿಂಗಳು ಅವನ ಮೇಲೆ ಠರಾವು ಪಾಸು ಮಾಡಿತು. ಈಗ ಸಭೆ ನಡೆಯುವಾಗ ಕವಳದ ತಟ್ಟೆಯನ್ನು ಹೊರಗೆ ಜಗುಲಿಯಲ್ಲಿಡುತ್ತಾರೆ, ಅದರ ಪಕ್ಕದಲ್ಲಿ ಶಾಂತಾರಾಮನನ್ನೂ. ಮೊದಲ ದಿನ ಅವನು ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಕಿವಿಗೊಟ್ಟ. ಒಳಗೆ ವಿಘ್ನೇಶ್ವರ ಗವಾಕ್ಷರ ಎರಡನೆಯ ಕಾದಂಬರಿಯ ಬಗ್ಗೆ ಮಾತಾಡುತ್ತಿದ್ದ.